ಕೊನೆಯ ಸೈಕಲ್ಲಿನ ಗಾರ್ಡ್ ಮೇಷ್ಟ್ರು

ಬಸವೇಶ್ವರನಗರದ ಗುರುಸಿದ್ದಯ್ಯ ಮೇಷ್ಟ್ರಿಗೆ ಸೈಕಲ್ ಹುಚ್ಚು ಹತ್ತಿದ್ದು ಐವತ್ತು ದಾಟಿದ ಮೇಲೆ. ಸಕ್ಕರೆ ಕಾಯಿಲೆ ಶುರುವಾಗಿದೆ, ದಿನಾ ನಡೆಯಿರಿ ಅಂತ ಡಾಕ್ಟರು ಹೇಳಿದರು. ಬಡಾವಣೆಯ ಪಾರ್ಕಿನಲ್ಲಿ ಗಾಣದ ಎತ್ತಿನ ಹಾಗೆ ಸುತ್ತುವುದು ಮೇಷ್ಟ್ರ ಜಾಯಮಾನಕ್ಕೆ ಒಗ್ಗಲಿಲ್ಲ. ಹೈಸ್ಕೂಲಿನಲ್ಲಿ ಜೀವಮಾನವೆಲ್ಲ ಭೂಗೋಳ ಪಾಠ ಮಾಡಿದ ಮನುಷ್ಯ, ಹೊರಟ ಜಾಗಕ್ಕೇ ವಾಪಸ್ ಬಂದು ನಿಲ್ಲುವುದೂ ಒಂದು ಪ್ರಯಾಣವೇ ಎಂದು ಕೇಳುತ್ತಿದ್ದರು. ಒಂದು ಸಂಜೆ ಹೇಳದೆ ಕೇಳದೆ ಗೇರ್ ಸೈಕಲ್ ತಂದು ವರಾಂಡದಲ್ಲಿ ನಿಲ್ಲಿಸಿದಾಗ ಹೆಂಡತಿ ನೀಲಗಂಗಮ್ಮ ಸೈಕಲ್ಲನ್ನೂ ನೋಡಿದರು, ಗಂಡನನ್ನೂ ನೋಡಿದರು.

"ಈ ವಯಸ್ಸಲ್ಲಿ ಚಡ್ಡಿ ಹಾಕ್ಕೊಂಡು ರೋಡಿಗೆ ಇಳೀತೀರೇನ್ರೀ? ನಿಮ್ಮ ಶಿಷ್ಯರು ಎದುರು ಸಿಕ್ಕಿದ್ರೆ?"

"ಸಿಕ್ಕಿದ್ರೆ ನಮಸ್ಕಾರ ಮಾಡ್ತಾರೆ," ಎಂದರು ಮೇಷ್ಟ್ರು. ಸಿಕ್ಕಿದರು, ಮಾಡಿದರು, ನಗುವನ್ನು ಆಚೆ ತಿರುಗಿ ನಕ್ಕರು. ಅಲ್ಲಿಗೆ ಆ ಮಾತು ಮುಗಿಯಿತು.

ಜೊತೆ ಸಿಗುವುದೂ ತಡವಾಗಲಿಲ್ಲ. ರಾಜಾಜಿನಗರದ ಬ್ಯಾಂಕ್ ಅಧಿಕಾರಿ ಸುಧೀಂದ್ರ, ಮಾರೇನಹಳ್ಳಿಯಲ್ಲಿ ಎಲೆಕ್ಟ್ರಿಕಲ್ ಅಂಗಡಿ ಇಟ್ಟಿರುವ ಗಿರಿರಾಜ್, ನಂದಿನಿ ಲೇಔಟಿನ ಕಾಲೇಜು ಲೆಕ್ಚರರ್ ರಾಗಿಣಿ. ಭಾನುವಾರ ನಸುಕಿನಲ್ಲಿ ಮಾಗಡಿ ರಸ್ತೆ ಟೋಲ್‌ಗೇಟ್ ಹತ್ತಿರ ನಾಲ್ವರೂ ಸೇರುತ್ತಿದ್ದರು. ಮಲಗಿರುವ ಸುಂಕದಕಟ್ಟೆ, ಬ್ಯಾಡರಹಳ್ಳಿ ದಾಟಿ ತಾವರೆಕೆರೆಯಲ್ಲಿ ತಟ್ಟೆ ಇಡ್ಲಿ ತಿಂದು, ಆಮೇಲೆ ಕಾಲಿಗೆ ಎಷ್ಟು ಬಲವಿದೆಯೋ ಅಷ್ಟು ದೂರ. ಒಮ್ಮೆ ಮಾಗಡಿ, ಒಮ್ಮೆ ಮಂಚನಬೆಲೆ, ಮನಸ್ಸು ಬಂದರೆ ಶಿವಗಂಗೆ, ಹಟ ಬಂದರೆ ಕುಣಿಗಲ್. ಮಧ್ಯಾಹ್ನ ಮುಖವೆಲ್ಲ ಉಪ್ಪಾಗಿ ಮನೆ ಸೇರಿ, ಊಟಕ್ಕೆ ಕೂತಲ್ಲೇ ತೂಕಡಿಸುವುದು. ಇದರಲ್ಲಿ ಏನು ಸುಖ ಎಂದು ಕೇಳಿದವರಿಗೆ ಹೇಳಿ ಅರ್ಥಮಾಡಿಸಲು ನಾಲ್ವರಿಗೂ ಬಂದಿಲ್ಲ. ಕೇಳುವವರೂ ಈಗ ಕೇಳುವುದನ್ನು ಬಿಟ್ಟಿದ್ದಾರೆ.

ಈ ಗುಂಪಿನಲ್ಲಿ ಮೇಷ್ಟ್ರದು ಒಂದು ಹುದ್ದೆ ಇತ್ತು. ರೈಲಿನ ಕೊನೆಯ ಡಬ್ಬಿಯಲ್ಲಿ ಗಾರ್ಡ್ ಇರುವ ಹಾಗೆ ಎಲ್ಲರಿಗಿಂತ ಹಿಂದೆ ಬರುವುದು. ದೂರ ಹೋಗುವ ಸೈಕಲ್ ಗುಂಪುಗಳಲ್ಲೆಲ್ಲ ಇಂಥವರು ಒಬ್ಬರು ಇರಲೇಬೇಕು, ಇಲ್ಲದಿದ್ದರೆ ಸುಸ್ತಾದವರು ದಾರಿಯಲ್ಲೇ ಉಳಿದುಹೋಗುತ್ತಾರೆ. ಈ ಕೆಲಸವನ್ನು ಮೇಷ್ಟ್ರಿಗೆ ಯಾರೂ ಕೊಡಲಿಲ್ಲ. ಶಾಲೆಯ ಪ್ರವಾಸಗಳಲ್ಲಿ ಮಕ್ಕಳ ಸಾಲಿನ ತುದಿಯಲ್ಲಿ ನಡೆದ ಅಭ್ಯಾಸ, ಮೊದಲ ಭಾನುವಾರವೇ ತಾವಾಗಿ ಹಿಂದೆ ಉಳಿದರು. ಗಿರಿರಾಜ್ "ಗಾರ್ಡ್ ಮೇಷ್ಟ್ರು" ಎಂದು ಹೆಸರಿಟ್ಟ, ಅದೇ ನಿಂತಿತು. ಪಂಪು, ಬದಲಿ ಟ್ಯೂಬು, ಬಾಳೆಹಣ್ಣು, ಕಡಲೆ ಚಿಕ್ಕಿ ಎಲ್ಲ ಇರುವುದು ಗಾರ್ಡಿನ ಚೀಲದಲ್ಲೇ. ಗಾರ್ಡ್ ಯಾರನ್ನೂ ಹಿಂದೆ ಹಾಕಬಾರದು. ಮುಂದಿನವರು ನಿಂತರೆ ತಾನೂ ನಿಲ್ಲಬೇಕು. ಬೇಗ ನಡೀರಿ ಎಂಬ ಮಾತು ಗಾರ್ಡಿನ ಬಾಯಲ್ಲಿ ಬರಲೇಕೂಡದು.

ಮೇಷ್ಟ್ರು ಇದಕ್ಕೆ ತಮ್ಮದೇ ಒಂದು ನಯ ಸೇರಿಸಿದ್ದರು. ಮುಂದಿನವರು ಏದುಸಿರು ಬಿಡುವುದು ಕೇಳಿಸಿತೋ, ಹಿಂದಿನಿಂದ ಕೂಗುವರು: "ಒಂದ್ ನಿಮಿಷ, ನನ್ನ ಚೈನ್ ಏನೋ ಸದ್ದು ಮಾಡ್ತಾ ಇದೆ!" ಇಳಿದು ಚೈನನ್ನು ಮುಟ್ಟಿದ ಹಾಗೆ ಮಾಡಿ, ಕೈಗೆ ಮಸಿ ಹಚ್ಚಿಕೊಂಡು, ಹೊತ್ತು ಕಳೆಯುವರು. ಅಷ್ಟರಲ್ಲಿ ಮುಂದಿನವರಿಗೆ ಉಸಿರು ಬರುತ್ತಿತ್ತು, ಮರ್ಯಾದೆಯೂ ಉಳಿಯುತ್ತಿತ್ತು. ಸುಧೀಂದ್ರ ಹೊಟ್ಟೆ ಹೊತ್ತು ಬರುತ್ತಿದ್ದ ಆರಂಭದ ದಿನಗಳಲ್ಲಿ ಆ ಚೈನ್ ಪ್ರತಿ ಏರಿನಲ್ಲೂ ಸದ್ದು ಮಾಡುತ್ತಿತ್ತು. ರಾಗಿಣಿ ಹೊಸದಾಗಿ ಸೇರಿ, ಅಳು ಬರುವಷ್ಟು ದಣಿದ ದಿನವಂತೂ ಮೇಷ್ಟ್ರು ಅರ್ಧ ದಾರಿ ಚೈನನ್ನೇ ರಿಪೇರಿ ಮಾಡಿದ್ದರು. ಆಮೇಲೆ ಅವಳು ಗುಂಪಿನಲ್ಲೇ ಎಲ್ಲರಿಗಿಂತ ಜೋರಾದಳು. ಏರು ಬಂತೆಂದರೆ ಕಣ್ಣಿಗೇ ಸಿಗುತ್ತಿರಲಿಲ್ಲ.

ಹೋದ ಮಳೆಗಾಲ ಮೇಷ್ಟ್ರಿಗೆ ಚಿಕೂನ್‌ಗುನ್ಯ ಬಂತು. ಜ್ವರ ವಾರದಲ್ಲಿ ಹೋಯಿತು, ಕೀಲುಗಳನ್ನು ಹಿಡಿದ ನೋವು ಮಾತ್ರ ಹೋಗಲೊಲ್ಲದ ನೆಂಟನ ಹಾಗೆ ಕೂತುಬಿಟ್ಟಿತು. ಬೆಳಗ್ಗೆ ಹಾಸಿಗೆಯಿಂದ ಏಳಲು ಗೋಡೆ ಹಿಡಿಯಬೇಕು, ಲೋಟ ಎತ್ತಲು ಎರಡೂ ಕೈ ಬೇಕು. ಅಂಥದ್ದರಲ್ಲೂ ದೀಪಾವಳಿ ಕಳೆದ ಮೇಲೆ ಮೇಷ್ಟ್ರು ಸೈಕಲ್ಲಿನ ಧೂಳು ಒರೆಸಿದರು. ನೀಲಗಂಗಮ್ಮ ಬೇಡವೆನ್ನಲಿಲ್ಲ. ಆದರೆ ಮೇಷ್ಟ್ರ ಮನಸ್ಸಿನಲ್ಲಿ ಒಂದು ನಿರ್ಧಾರ ಕೂತಿತ್ತು. ಗಾರ್ಡ್ ಕೆಲಸ ಆಗುವ ತನಕ ಹೋಗುವುದು. ತಾನೇ ಇನ್ನೊಬ್ಬರಿಗೆ ಹೊರೆಯಾದ ದಿನ ಸೈಕಲ್ಲನ್ನು ಯಾರಿಗಾದರೂ ಕೊಟ್ಟುಬಿಡುವುದು. ಭಾನುವಾರಗಳಿಲ್ಲದ ವಾರವನ್ನು ನೆನೆದರೆ ಅವರಿಗೆ ನಿಜವಾಗಿಯೂ ಭಯವಾಗುತ್ತಿತ್ತು.

ಮೊದಲ ಭಾನುವಾರವೇ ಸಮಾಧಾನವಾಯಿತು. ರಾಗಿಣಿ ಹಿಂದೆ ಬಿದ್ದಿದ್ದಳು! "ಮಂಡಿ ನೋವು ಸಾರ್, ಏರು ಆಗ್ತಾ ಇಲ್ಲ," ಎಂದಳು. ಅವಳು ಮುಂದೆ ನಿಧಾನವಾಗಿ, ಮೇಷ್ಟ್ರು ಹಿಂದೆ ನಿಧಾನವಾಗಿ. ಮುಂದಿನ ವಾರವೂ ಅದೇ, ಅದರ ಮುಂದಿನ ವಾರವೂ ಅದೇ. ಮೇಷ್ಟ್ರಿಗೆ ಎಲ್ಲಿ ಮಂಡಿ ಹಿಡಿಯುತ್ತಿತ್ತೋ ಸರಿಯಾಗಿ ಅಲ್ಲೇ ಅವಳೂ ನಿಲ್ಲುತ್ತಿದ್ದಳು. ಬೇರೆ ಯಾರಿಗಾದರೂ ಇಷ್ಟಕ್ಕೇ ಅನುಮಾನ ಬರುತ್ತಿತ್ತು. ಮೇಷ್ಟ್ರಿಗೆ ಬಂದದ್ದು ಕನಿಕರ. ಪಾಪ, ಕಾಲೇಜಿನಲ್ಲಿ ನಿಂತೇ ಪಾಠ ಮಾಡಬೇಕು, ಮನೆಯಲ್ಲಿ ಅತ್ತೆ, ಸಣ್ಣ ಮಗಳು, ಈ ವಯಸ್ಸಿಗೇ ಮಂಡಿ ಹೋಯಿತಲ್ಲ ಎಂದು ಮನೆಯಲ್ಲಿ ಹೇಳಿಕೊಂಡು ಕೊರಗಿದರು. ನೀಲಗಂಗಮ್ಮ ಕೇಳಿ ಕೇಳಿ ಸಾಕಾಗಿ ಒಣಕೊಬ್ಬರಿ, ಉತ್ತುತ್ತೆ, ತುಪ್ಪ ಹಾಕಿ ಡಬ್ಬಿ ತುಂಬ ಅಂಟಿನುಂಡೆ ಕಟ್ಟಿಕೊಟ್ಟರು. "ದಿನಾ ಒಂದು ತಿನ್ನಕ್ಕೆ ಹೇಳಿ. ನಮ್ಮ ಕಡೆ ಬಾಣಂತೀರಿಗೆ ಕೊಡೋದು. ಮಂಡಿ ಎದ್ದು ನಿಲ್ಲುತ್ತೆ."

ಒಂದು ಶನಿವಾರ ಸಂಜೆ ಮೇಷ್ಟ್ರು ಡಬ್ಬಿ ಹಿಡಿದು ಸ್ಕೂಟರಿನಲ್ಲಿ ನಂದಿನಿ ಲೇಔಟಿಗೆ ಹೋದರು. ಬಾಗಿಲು ತೆಗೆದದ್ದು ರಾಗಿಣಿಯ ಅತ್ತೆ ಸೀತಮ್ಮ.

"ರಾಗಿಣಿ ಮೇಡಂ ಮಂಡಿ ನೋವಿಗೆ ನಮ್ಮನೆಯೋರು ಉಂಡೆ ಕಳ್ಸಿದಾರೆ," ಎಂದರು ಮೇಷ್ಟ್ರು.

"ಮಂಡಿ ನೋವು ನನಗೆ ಕಣಪ್ಪಾ, ಅವಳಿಗೆಲ್ಲಿ ಬಂತು?" ಎಂದರು ಸೀತಮ್ಮ. "ಇವತ್ತು ಬೆಳಗ್ಗೆ ನಂದಿ ಬೆಟ್ಟಕ್ಕೆ ಸೈಕಲ್ಲಲ್ಲಿ ಹೋಗಿ, ಹತ್ತಿ ಇಳಿದು, ಸಾಲದು ಅಂತ ಇನ್ನೊಂದ್ಸಲ ಹತ್ತಿ ಬಂದಿದಾಳೆ. ಈಗ ಮೊಮ್ಮಗಳು ತನ್ಮಯಿನ ಡ್ಯಾನ್ಸ್ ಕ್ಲಾಸಿಂದ ಕರ್ಕೊಂಡ್ ಬರಕ್ಕೆ ಹೋಗಿದಾಳೆ. ಬನ್ನಿ, ಕೂತ್ಕೊಳಿ, ಕಾಫಿ ಮಾಡ್ತೀನಿ."

ಮೇಷ್ಟ್ರು ಕೂರಲಿಲ್ಲ. ಸೀತಮ್ಮ ಅಲ್ಲೇ ಡಬ್ಬಿ ತೆಗೆದು ಒಂದು ಉಂಡೆ ಬಾಯಿಗೆ ಹಾಕಿಕೊಂಡು, "ಚೆನ್ನಾಗಿದೆ, ಅಂತೂ ಮಂಡಿ ನೋವಿರೋರಿಗೇ ಸಿಕ್ತು," ಎಂದದ್ದೂ ಅವರ ಕಿವಿಗೆ ಬೀಳಲಿಲ್ಲ. ಸ್ಕೂಟರ್ ತಿರುಗಿಸುವಾಗ ಮುಖ ಬಿಸಿಯಾಗಿತ್ತು. ಇಷ್ಟು ವಾರ ತಾನು ಅವಳನ್ನು ಕಾಯುತ್ತಿದ್ದೆನೆಂದು ಬೀಗಿದ್ದು! ಅವಳು ಮುಂದೆ ಇದ್ದುಕೊಂಡೇ ತನ್ನನ್ನು ಕಾಯುತ್ತಿದ್ದಳು. ಸುಧೀಂದ್ರನಿಗೂ ಗಿರಿರಾಜನಿಗೂ ಇದು ಗೊತ್ತಿರಲೇಬೇಕು. ಮೂವರೂ ಮಾತಾಡಿಕೊಂಡೇ ಈ ನಾಟಕ ಆಡಿದ್ದಾರೆ. ಮೇಷ್ಟ್ರಿಗೆ ಅವಮಾನವಾಯಿತು, ಅದಕ್ಕಿಂತ ಹೆಚ್ಚಾಗಿ ದುಃಖವಾಯಿತು. ಹೊರೆಯಾದ ದಿನ ಬಂದೇಬಿಟ್ಟಿತ್ತು, ಬಂದು ಎಷ್ಟೋ ವಾರವಾಗಿತ್ತು.

ಆ ಭಾನುವಾರ ಮೇಷ್ಟ್ರು ಹೋಗಲಿಲ್ಲ. ಟೈರು ಸವೆದಿದೆ ಎಂದು ಫೋನಿನಲ್ಲಿ ಸಬೂಬು ಹೇಳಿದರು. ಮುಂದಿನ ವಾರವೂ ಹೋಗಲಿಲ್ಲ. ರಾಗಿಣಿಯ ಫೋನನ್ನಂತೂ ಎತ್ತಲೇ ಇಲ್ಲ. ಗಿರಿರಾಜ್ ಸುಮ್ಮನಿರುವ ಪೈಕಿಯಲ್ಲ, ಅಂಗಡಿ ಮುಚ್ಚಿ ನೇರ ಮನೆಗೇ ಬಂದ, ಹೆಗಲಿಗೆ ಹೊಸ ಟೈರು ನೇತುಹಾಕಿಕೊಂಡು. ಮೇಷ್ಟ್ರು ಕಕ್ಕಾಬಿಕ್ಕಿಯಾಗಿ, "ಟೈರ್ ಒಂದೇ ಅಲ್ಲಪ್ಪ, ಗೇರೂ ಕೈ ಕೊಟ್ಟಿದೆ," ಎಂದರು. ಗಿರಿರಾಜ್ ವರಾಂಡಕ್ಕೆ ಹೋಗಿ ಗೇರು ಬದಲಿಸಿ ನೋಡಿದ, ಚಕ್ರ ತಿರುಗಿಸಿ ನೋಡಿದ, ಬ್ರೇಕು ಒತ್ತಿ ನೋಡಿದ. ಒಳಗೆ ಬಂದು ನೀಲಗಂಗಮ್ಮ ಕೊಟ್ಟ ಕಾಫಿ ಕುಡಿದು ಎದ್ದ.

"ಸೈಕಲ್ ಸರಿಯಾಗೇ ಇದೆ ಮೇಷ್ಟ್ರೇ. ಭಾನುವಾರ ಶಿವಗಂಗೆ. ಟೋಲ್‌ಗೇಟಲ್ಲಿ ಕಾಯ್ತಿರ್ತೀವಿ," ಎಂದಷ್ಟೇ ಹೇಳಿ ಟೈರನ್ನು ಅಲ್ಲೇ ಬಿಟ್ಟು ಹೋದ.

ಗೇಟಿನ ಸದ್ದು ಆದ ಮೇಲೆ ನೀಲಗಂಗಮ್ಮ ಲೋಟ ಎತ್ತಿಕೊಳ್ಳಲು ಬಂದವರು ಅಲ್ಲೇ ಕೂತರು. "ಏನಾಗಿದೆ ಹೇಳ್ರೀ ಈಗ."

ಮೇಷ್ಟ್ರು ಹೇಳಿದರು. ಸೀತಮ್ಮ ಅಂದದ್ದು, ನಂದಿ ಬೆಟ್ಟ, ಎರಡು ಸಲ, ಎಲ್ಲ ಹೇಳಿದರು. "ನನ್ನನ್ನ ಮಗು ತರ ಆಡಿಸಿದಾರೆ ಕಣೇ. ಇನ್ಯಾವ ಮುಖ ಇಟ್ಕೊಂಡು ಹೋಗ್ಲಿ?"

"ಅವಳು ಸುಳ್ಳು ಹೇಳಿದ್ಲು ಅಂತ ಸಿಟ್ಟಾ?"

"ಮತ್ತೆ?"

"ನಿಮ್ಮ ಚೈನ್ ಸದ್ದು ಮಾಡ್ತಿತ್ತಲ್ಲ, ಅದೇನು ನಿಜವಾ? ಬಂದು ಬಂದು ನನ್ನ ಹತ್ರಾನೇ ಹೇಳ್ಕೊಂಡು ನಗ್ತಿದ್ರಿ. ಆಗ ಆ ಹುಡುಗಿಗೆ ಗೊತ್ತಾಗ್ಲಿಲ್ಲ ಅಂದ್ಕೊಂಡ್ರಾ? ಗೊತ್ತಾಗಿತ್ತು. ಗೊತ್ತಾಗಿದ್ದಕ್ಕೇ ನಿಮ್ಮಿಂದ ಕಲ್ತಿದಾಳೆ. ಅವಳೇನು ನಿಮ್ಮ ಮೇಲೆ ಮುನಿಸ್ಕೊಂಡು ಸೈಕಲ್ ಬಿಟ್ಟು ಮನೇಲಿ ಕೂತ್ಲಾ?" ನೀಲಗಂಗಮ್ಮನಿಗೆ ಈಗ ಸಿಟ್ಟೇ ಬಂದಿತ್ತು. "ಕೊಡೋದು ಮಾತ್ರ ಗೊತ್ತು ನಿಮಗೆ. ಇಸ್ಕೊಳ್ಳಕ್ಕೆ ಬರಲ್ಲ. ಮದುವೆಯಾದ ದಿನದಿಂದ ನೋಡ್ತಾ ಇದೀನಿ."

ಶಾಲೆಯಲ್ಲಿ ಎಂಥೆಂಥ ತುಂಟ ಹುಡುಗರ ಬಾಯಿ ಮುಚ್ಚಿಸಿದ ಮೇಷ್ಟ್ರು ಹೆಂಡತಿಯ ಮುಂದೆ ಪೇಪರ್ ಬಿಡಿಸಿ ಹಿಡಿದುಕೊಂಡರು.

ಭಾನುವಾರ ಟೋಲ್‌ಗೇಟಿಗೆ ಎಲ್ಲರಿಗಿಂತ ಮೊದಲು ಬಂದು ನಿಂತವರು ಅವರೇ. ರಾಗಿಣಿ ಹತ್ತಿರ ಬಂದು, "ಅಂಟಿನುಂಡೆ ಎಲ್ಲಾ ಅತ್ತೇನೇ ಮುಗಿಸಿದ್ರು ಸಾರ್," ಎಂದು ನೆಲ ನೋಡಿದಳು. ಮೇಷ್ಟ್ರು "ಹೂಂ" ಎಂದು ಹೆಲ್ಮೆಟ್ಟಿನ ಪಟ್ಟಿ ಬಿಗಿದುಕೊಂಡರು. ತಾವರೆಕೆರೆಯ ಇಡ್ಲಿಯೂ ಬಿಗುವಿನಲ್ಲೇ ಇಳಿಯಿತು.

ಮಾಗಡಿ ದಾಟಿದ ಮೇಲೆ ಬಿಸಿಲು ಏರಿತು. ಸುಧೀಂದ್ರನೂ ಗಿರಿರಾಜನೂ ಮುಂದೆ ಹೋಗಿದ್ದರು. ಎಂದಿನಂತೆ ರಾಗಿಣಿ, ಅವಳ ಹಿಂದೆ ಮೇಷ್ಟ್ರು. ಶಿವಗಂಗೆ ಬೆಟ್ಟ ಎದುರಿಗೆ ಕಾಣುವ ಕೊನೆಯ ಏರಿನಲ್ಲಿ ಮೇಷ್ಟ್ರ ಮಂಡಿಗಳು ಮುಷ್ಕರ ಹೂಡಿದವು. ಮೇಷ್ಟ್ರು ಹಲ್ಲು ಕಚ್ಚಿ ತುಳಿದರು. ಮುಂದೆ ರಾಗಿಣಿಯ ಸೈಕಲ್ಲೂ ನಿಧಾನವಾಯಿತು, ಅವಳ ಕೈ ಆಗಲೇ ಮಂಡಿಯ ಕಡೆ ಹೋಗುತ್ತಿತ್ತು.

"ಬೇಡ!" ಎಂದು ಮೇಷ್ಟ್ರು ಕೂಗಿದರು. "ಮಂಡಿ ಹಿಡ್ಕೋಬೇಡಿ. ನಿಮಗೇನೂ ಆಗಿಲ್ಲ. ಆಗಿರೋದು ನನಗೆ."

ಸೈಕಲ್ಲಿನಿಂದ ಇಳಿದರು, ಇಳಿದವರು ರಸ್ತೆ ಪಕ್ಕದ ಮೋರಿ ಕಟ್ಟೆಯ ಮೇಲೆ ಕುಸಿದು ಕೂತರು. ಕಣ್ಣಲ್ಲಿ ನೀರು ಬಂದಿತ್ತು, ಒರೆಸಿಕೊಳ್ಳಲಿಲ್ಲ. ರಾಗಿಣಿ ಸೈಕಲ್ಲನ್ನು ಬೇಲಿಗೆ ಒರಗಿಸಿ ಓಡಿ ಬಂದಳು.

"ತಪ್ಪಾಯ್ತು ಸಾರ್. ನೀವು ಬರೋದು ನಿಲ್ಲಿಸ್ಬಿಡ್ತೀರಾ ಅಂತ ಭಯ ಆಗಿತ್ತು ನಮಗೆ. ಅದಕ್ಕೇ..."

"ನನಗೂ ಅದೇ ಭಯ," ಎಂದರು ಮೇಷ್ಟ್ರು.

ಹಿಂದಿನವರು ಬಾರದ್ದನ್ನು ನೋಡಿ ಸುಧೀಂದ್ರ, ಗಿರಿರಾಜ್ ಇಬ್ಬರೂ ಹತ್ತಿದ ಏರನ್ನು ಇಳಿದು ವಾಪಸ್ ಬಂದರು. ಸೈಕಲ್ ತುಳಿಯುವವರಿಗೆ ಬೆವರು ಸುರಿಸಿ ಹತ್ತಿದ್ದನ್ನು ಸುಮ್ಮನೆ ಇಳಿಯುವುದಕ್ಕಿಂತ ದೊಡ್ಡ ನಷ್ಟವಿಲ್ಲ. "ಯಾಕ್ ಇಳಿದ್ರಿ? ಮತ್ತೆ ಹತ್ತೋರ್ಯಾರು?" ಎಂದು ಮೇಷ್ಟ್ರು ರೇಗಿದರು. "ನಾವೇ ಹತ್ತೀವಿ ಬಿಡಿ ಮೇಷ್ಟ್ರೇ, ನಿಮ್ಮ ಜೊತೆ," ಎಂದ ಸುಧೀಂದ್ರ. ಅಷ್ಟೇ ಮಾತಿಗೆ ಮೇಷ್ಟ್ರ ಬಿಗುವೆಲ್ಲ ಇಳಿದುಹೋಯಿತು. ಈ ಮೂವರನ್ನು ತಾನು ಎಷ್ಟು ಹಚ್ಚಿಕೊಂಡಿದ್ದೇನೆ ಎನ್ನುವುದು ಆ ಮೋರಿ ಕಟ್ಟೆಯ ಮೇಲೆ ಕೂತಾಗಲೇ ಅವರಿಗೆ ಪೂರ್ತಿ ತಿಳಿದದ್ದು.

ಬೆನ್ನಿನ ಚೀಲ ಬಿಚ್ಚಿ, ಪಂಪು ಚಿಕ್ಕಿ ಸಮೇತ ರಾಗಿಣಿಯ ಕೈಗೆ ಕೊಟ್ಟರು.

"ಇವತ್ತಿಂದ ಗಾರ್ಡ್ ಕೆಲಸ ನಿಮ್ಮದು. ನಾನು ಮುಂದೆ ಹೋಗ್ತೀನಿ."

ಅವಳು ಚೀಲ ತೊಟ್ಟುಕೊಂಡಳು. ಅದರ ಪಟ್ಟಿಯನ್ನು ಎರಡು ಸಲ ಸರಿಮಾಡಿಕೊಂಡಳು. ನಾಲ್ವರೂ ಹೊರಟರು. ಸುಧೀಂದ್ರ ಗಿರಿರಾಜರ ಹಿಂದೆ ಮೇಷ್ಟ್ರು, ಮೇಷ್ಟ್ರ ಹಿಂದೆ ರಾಗಿಣಿ. ಬೆನ್ನು ಹಗುರವಾಗಿತ್ತು, ಬೆನ್ನ ಹಿಂದೆ ಇನ್ನೊಂದು ಸೈಕಲ್ಲಿನ ಚಕ್ರದ ಸದ್ದು ಹೊಸದಾಗಿತ್ತು. ಒಂದು ತಿರುವು ಸಾಗಿತು. ಎರಡನೆಯದರಲ್ಲಿ ಮಂಡಿ ಮತ್ತೆ ಹಿಡಿಯಿತು. ಮೇಷ್ಟ್ರು ಒಂದು ಗಳಿಗೆ ತಡೆದುಕೊಂಡು ನೋಡಿದರು, ಆಮೇಲೆ ಬೆಟ್ಟಕ್ಕೆಲ್ಲ ಕೇಳುವ ಹಾಗೆ, ಹಿಂದೆ ತಿರುಗದೆಯೇ ಕೂಗಿದರು:

"ರಾಗಿಣೀ, ಸುಸ್ತಾಯ್ತಮ್ಮಾ! ಸ್ವಲ್ಪ ನಿಲ್ಲೋಣ."