ಅವ್ವನ ಬಹುವಚನ

ಅವ್ವ ನನಗೆ ಬಹುವಚನ ಕೊಡಲು ಶುರುಮಾಡಿದ ದಿನ ನಾನು ಮೊದಲು ನಕ್ಕೆ. ಹೊಳಲ್ಕೆರೆಯ ಹೈಸ್ಕೂಲಿನಲ್ಲಿ ಮಕ್ಕಳಿಗೆ ಇತಿಹಾಸದ ಪಾಠ ಮಾಡಿ ಮನೆಗೆ ಬಂದಿದ್ದೆ. ಚಪ್ಪಲಿ ಬಿಡುವ ಮುಂಚೆಯೇ, "ಬರ್ರಿ, ಕುಂತ್ಕಳ್ರಿ. ಮಗಳು ಸ್ಕೂಲಿಗೆ ಹೋಗವ್ಳೆ, ಈಗ ಬರ್ತಾಳೆ" ಅಂದಳು. ಹುಟ್ಟಿದಾಗಿನಿಂದ ‘ಲೇ’ ಎಂದೇ ಕರೆಸಿಕೊಂಡವಳು ನಾನು. ತಮಾಷೆ ಮಾಡುತ್ತಿದ್ದಾಳೆ ಎಂದುಕೊಂಡು ಕೂತೆ. ನೀರು ತಂದುಕೊಟ್ಟು, ಮಗಳ ದಾರಿ ನೋಡುತ್ತ ಬಾಗಿಲಲ್ಲಿ ನಿಂತಳು. ದೀಪ ಹಚ್ಚುವ ಹೊತ್ತಾದರೂ ಅಲ್ಲಿಂದ ಕದಲಲಿಲ್ಲ. ಇದು ತಮಾಷೆಯಲ್ಲ ಎಂದು ಆಗ ಗೊತ್ತಾಯಿತು.

ಸುಮ್ಮನಿರುವ ಸ್ವಭಾವ ನನ್ನದಲ್ಲ. ಆಧಾರ್ ಕಾರ್ಡು ತೋರಿಸಿದೆ, ಮೊಣಕಾಲಿನ ಗಾಯದ ಗುರುತು ತೋರಿಸಿದೆ, ಐದನೇ ಕ್ಲಾಸಿನಲ್ಲಿ ಅವಳು ನನ್ನನ್ನು ಯಾಕೆ ಹೊಡೆದಳೆಂದು ಹೇಳಿದೆ. ಎಲ್ಲವನ್ನೂ ಸಾವಧಾನವಾಗಿ ಕೇಳಿಸಿಕೊಂಡು, ಇದನ್ನೆಲ್ಲ ನಿಮಗೆ ಯಾರು ಹೇಳಿದರು ಎಂದು ಕೇಳಿದಳು. ಚಿತ್ರದುರ್ಗದ ಡಾಕ್ಟರು ತಲೆಯ ಸ್ಕ್ಯಾನು, ರಕ್ತಪರೀಕ್ಷೆ ಎಲ್ಲ ಮಾಡಿಸಿ, ಇದು ಹಿಂದಿನ ಕಾಲದಿಂದಲೂ ಇರುವ ಕಾಯಿಲೆ, ಹತ್ತಿರದವರೇ ವೇಷ ಹಾಕಿಕೊಂಡು ಬಂದ ಬೇರೆಯವರು ಅನ್ನಿಸಿಬಿಡುತ್ತದೆ ಎಂದರು. ಹೀಗೇ ಹಿಂದೆ ಯುರೋಪಿನಲ್ಲಿ ತಮ್ಮ ಮೈ ಗಾಜಿನದೆಂದು ನಂಬಿ, ಒಡೆದುಹೋದೇವೆಂದು ಯಾರಿಗೂ ಮುಟ್ಟಗೊಡದೆ ಬದುಕಿದವರಿದ್ದರಂತೆ. ನಾನು ಇಷ್ಟು ವರ್ಷ ಮಕ್ಕಳಿಗೆ ರಾಜರ ಯುದ್ಧಗಳನ್ನು ಬಾಯಿಪಾಠ ಮಾಡಿಸಿದ್ದೇ ಬಂತು. ಇಂಥ ಇತಿಹಾಸವೊಂದಿದೆ ಎಂದು ನನಗೇ ಗೊತ್ತಿರಲಿಲ್ಲ.

ಬಸ್ಸಿನಲ್ಲಿ ವಾಪಸು ಬರುವಾಗ ತಾಳ್ಯದ ದೊಡ್ಡಜ್ಜಿ ನೆನಪಾದಳು. ನಮ್ಮಜ್ಜಿಯ ಅಕ್ಕ. ಹೆರಿಗೆಯಾದ ಮೇಲೆ, ಇದು ನನ್ನ ಕೂಸಲ್ಲ, ಯಾರೋ ಬದಲಾಯಿಸಿದ್ದಾರೆ ಎಂದಳಂತೆ. ಗಾಳಿ ಸೋಕಿದೆ ಎಂದು ಬೇವಿನ ಸೊಪ್ಪಿನಲ್ಲಿ ಬಡಿದು, ಕುರಿಹಟ್ಟಿಯ ಪಕ್ಕದ ಕೋಣೆಯಲ್ಲಿ ಕೂಡಿಹಾಕಿದರು. ಅಲ್ಲೇ ಮುದುಕಿಯಾದಳು. ಅವಳ ಮಾತು ಬಂದರೆ ಮನೆಯಲ್ಲಿ ಎಲ್ಲರೂ ಹುಚ್ಚಿ ಅನ್ನುತ್ತಿದ್ದರು, ನಾನೂ ಅಂದಿದ್ದೇನೆ. ಆ ಕೂಸು ಹೇಗೆ ಬೆಳೆಯಿತೆಂದು ಯಾರೂ ಹೇಳಲಿಲ್ಲ, ನಾನೂ ಕೇಳಿರಲಿಲ್ಲ.

ಅವ್ವ ನನ್ನ ಕೈಯಿಂದ ಮಾತ್ರೆ ಮುಟ್ಟುತ್ತಿರಲಿಲ್ಲ. ಹೀಗೇ ಆದರೆ ಆಸ್ಪತ್ರೆಗೆ ಸೇರಿಸಬೇಕಾಗುತ್ತದೆ ಎಂದಿದ್ದರು ಡಾಕ್ಟರು. ಒಂದು ಮಧ್ಯಾಹ್ನ ಏನೂ ತೋಚದೆ ಸ್ಟಾಫ್ ರೂಮಿನಿಂದ ಮನೆಗೆ ಫೋನು ಮಾಡಿದೆ.

"ಲೇ, ಎಲ್ಲಿ ಹಾಳಾಗಿ ಹೋಗಿದ್ಯೇ? ಯಾವಳೋ ಬಂದು ಮನೇಲಿ ಕುಂತವ್ಳೆ."

ಅವ್ವನಿಗೆ ಮುಖ ನನ್ನದಲ್ಲ, ದನಿ ಮಾತ್ರ ನನ್ನದೇ! ಆ ಬೈಗುಳ ಕೇಳಿ, ಸಹೋದ್ಯೋಗಿಗಳ ಎದುರಿಗೇ ಅತ್ತುಬಿಟ್ಟೆ. ನನ್ನನ್ನು ಹೊಸದುರ್ಗದ ಸ್ಕೂಲಿಗೆ ಹಾಕಿದ್ದಾರೆ, ಆ ಹೆಂಗಸನ್ನು ನಾನೇ ಕಳಿಸಿದ್ದು, ಅವಳು ಕೊಡುವ ಮಾತ್ರೆ ನುಂಗು ಎಂದು ಬಾಯಿಗೆ ಬಂದ ಸುಳ್ಳು ಹೇಳಿದೆ. ಅವತ್ತು ಸಂಜೆ ಅವ್ವ ಕೈಯೊಡ್ಡಿ ಮಾತ್ರೆ ತೆಗೆದುಕೊಂಡಳು.

ಅಲ್ಲಿಂದ ಮೂರು ತಿಂಗಳು ನಾನು ಇಬ್ಬರಾಗಿದ್ದೆ. ದಿನವೂ ಹಿತ್ತಲಿನ ನೀರಿನ ಟ್ಯಾಂಕಿನ ಹಿಂದೆ ನಿಂತು ಕರೆ ಮಾಡುತ್ತಿದ್ದೆ. ಅವ್ವ ನನ್ನ ಮೇಲೆ ನನಗೇ ಚಾಡಿ ಹೇಳುತ್ತಿದ್ದಳು. ಆಯಮ್ಮನ ಸಾರಿಗೆ ಉಪ್ಪು ಜಾಸ್ತಿಯಂತೆ, ನನ್ನ ಸೀರೆಗಳನ್ನೆಲ್ಲ ಉಟ್ಟು ತಿರುಗುತ್ತಾಳಂತೆ. ಮೊದಮೊದಲು ನಗು ಬರುತ್ತಿತ್ತು. ಬರಬರುತ್ತ ಆ ಫೋನಿಲ್ಲದೆ ನನಗೇ ದಿನ ಹೋಗದಾಯಿತು. ಅವ್ವನನ್ನು ಬಿಟ್ಟು ಎಲ್ಲಿಗೂ ಹೋಗುವಂತಿಲ್ಲ, ಮನೆಯೊಳಗೆ ಕಾಲಿಟ್ಟರೆ ನಾನು ಮನೆಯವಳಲ್ಲ. ಅವ್ವನ ಮೇಲೆ ಸಿಟ್ಟು ಬರುತ್ತಿತ್ತು, ಸಿಟ್ಟು ಬಂದದ್ದಕ್ಕೆ ನಾಚಿಕೆಯೂ ಆಗುತ್ತಿತ್ತು. ಕೊನೆಗೆ ಡಾಕ್ಟರಿಗೆ ಫೋನಿನ ವಿಷಯ ಹೇಳಿಕೊಂಡೆ. ಅವರು ಬೈಯಲಿಲ್ಲ. ಇಬ್ಬರಿದ್ದಾರೆ ಎಂದು ನೀವೇ ಸಾಕ್ಷಿ ಹೇಳಿದಂತಾಯಿತಲ್ಲಮ್ಮ, ಈ ಫೋನನ್ನು ನಿಧಾನವಾಗಿ ಬಿಡಿಸಿ ಎಂದರು. ನಿಧಾನ ಎನ್ನುವುದು ನನ್ನ ಜಾಯಮಾನದಲ್ಲೇ ಇಲ್ಲ.

ಮರುದಿನ ಭಾನುವಾರ. ಅವ್ವ ನಡುಮನೆಯಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ಹಿತ್ತಲಿಗೆ ಹೋಗದೆ ಅವಳ ಮುಂದೆಯೇ ನಿಂತು ಕರೆ ಮಾಡಿದೆ. ಕೈ ಒರೆಸಿಕೊಂಡು ಫೋನು ಎತ್ತಿದಳು.

"ಅವ್ವಾ, ನಾನು ಕಣವ್ವ. ನಿನ್ ಮುಂದೇನೇ ನಿಂತಿದೀನಿ, ನೋಡು."

ತಲೆಯೆತ್ತಿದಳು. ನನ್ನ ತುಟಿ ನೋಡಿದಳು, ಕಿವಿಯ ಹತ್ತಿರದ ಫೋನು ನೋಡಿದಳು, ಮತ್ತೆ ತುಟಿ ನೋಡಿದಳು. ಇನ್ನೇನು ಗುರುತು ಹಿಡಿದೇ ಬಿಟ್ಟಳು ಎಂದುಕೊಂಡೆ. ಅವಳು ಮಗ್ಗುಲಿಗೆ ತಿರುಗಿ, ಫೋನಿಗೆ ಅಂಗೈ ಅಡ್ಡ ಹಿಡಿದು, ನನಗೆ ಕೇಳಿಸಬಾರದೆಂದು ಪಿಸುಗುಟ್ಟಿದಳು.

"ಲೇ, ಇನ್ಮೇಲೆ ಫೋನ್ ಮಾಡಬ್ಯಾಡ ಕಣೇ. ಈಯಮ್ಮ ನಿನ್ ದನೀನೂ ಕಲ್ತ್ಕಂಡವ್ಳೆ."

ಆ ಪಿಸುಮಾತು ನನಗೆ ಎರಡು ಕಡೆಯಿಂದಲೂ ಕೇಳಿಸಿತು. ಆಯ್ತವ್ವ ಎಂದು ಫೋನಿಟ್ಟೆ.