ಅಕ್ಕನ ಎಡಗಿವಿಗೊಂದು ಸ್ಪೀಕರ್

ನನಗೆ ಸಂಗೀತದ ಕಿವಿ ಇಲ್ಲ. ಬೇರೆ ಯಾವುದಾದರೂ ಊರಿನಲ್ಲಿ ಹುಟ್ಟಿದ್ದರೆ ಇದನ್ನು ಹೇಳಿಕೊಳ್ಳಲು ಇಷ್ಟು ಮುಜುಗರ ಆಗುತ್ತಿರಲಿಲ್ಲವೇನೋ. ಗದಗ-ಬೆಟಗೇರಿಯಲ್ಲಿ ಯಾವ ಓಣಿ ಹೊಕ್ಕರೂ ಒಂದಾದರೂ ಮನೆಯಿಂದ ಹಾರ್ಮೋನಿಯಂ ಕೇಳಿಸುತ್ತದೆ. ಇಲ್ಲೇ ಹುಟ್ಟಿ ಬೆಳೆದೂ ಯಮನ್ ರಾಗ ಯಾವುದು, ಭೂಪ್ ಯಾವುದು ಎಂದು ನನಗೆ ತಿಳಿಯುವುದಿಲ್ಲ. ಬೈಠಕ್‌ಗಳಲ್ಲಿ ಪಕ್ಕದವರು ತಲೆ ಆಡಿಸಿದಾಗ ನಾನೂ ಆಡಿಸುತ್ತೇನೆ, ಆದರೆ ಸ್ವಲ್ಪ ತಡವಾಗಿ. ಅದರಿಂದಲೇ ಸಿಕ್ಕಿಬೀಳುತ್ತೇನೆ.

ಅಂಥವನು ಮನೆಯ ದೊಡ್ಡ ಗಾಡಿಗೆ, ಅಂದರೆ ಎಸ್‌ಯುವಿಗೆ, ಹೇಳಿ ಮಾಡಿಸಿದ ಸೌಂಡ್ ಸಿಸ್ಟಮ್ ಹಾಕಿಸಿದ್ದೇನೆ. ಅದೂ ಹೊರಗಿನಿಂದ ಏನೂ ಕಾಣದ ಹಾಗೆ. ನೀವು ಬಾಗಿಲು ತೆಗೆದು ಒಳಗೆ ಕೂತರೂ ಸ್ಪೀಕರಿನ ಒಂದು ಜಾಳಿಗೆ, ಒಂದು ನೀಲಿ ದೀಪ ಕಣ್ಣಿಗೆ ಬೀಳುವುದಿಲ್ಲ. ಬಚ್ಚಿಟ್ಟದ್ದೇಕೆ ಎಂದು ಕೇಳಿದವರಿಗೆ ನನ್ನ ಬಳಿ ಒಂದು ಸಿದ್ಧ ಉತ್ತರವಿದೆ. ನಮ್ಮ ಕಡೆ ದೊಡ್ಡ ಗಾಡಿ ಇಟ್ಟವನು ಲಗ್ನದ ತಿಂಗಳುಗಳಲ್ಲಿ ತನ್ನ ಗಾಡಿಯನ್ನು ತಾನೇ ಕೇಳಿ ಪಡೆಯಬೇಕಾಗುತ್ತದೆ. ಮದುಮಗನನ್ನು ಕರೆತರಲು, ಬೀಗರನ್ನು ಬಿಟ್ಟುಬರಲು ಯಾರ್ಯಾರೋ ಒಯ್ಯುತ್ತಾರೆ. ಅದರಲ್ಲಿ ಹಾಡಿನ ವ್ಯವಸ್ಥೆಯೂ ಜೋರಾಗಿದೆ ಎಂಬ ಖಬರು ಓಣಿಯಲ್ಲಿ ಹಬ್ಬಿದರೆ, ಮೆರವಣಿಗೆಯ ಮುಂದೆ ನಾಲ್ಕೂ ಬಾಗಿಲು ತೆರೆದುಕೊಂಡು ಅದು ಹೊರಡುವುದು ಖಚಿತ.

ಉತ್ತರ ಸುಳ್ಳಲ್ಲ. ಆದರೆ ಅದು ಎರಡನೆಯ ಕಾರಣ. ಮೊದಲ ಕಾರಣ ನೀಲಕ್ಕ.

ನೀಲಕ್ಕ ನನ್ನ ಒಬ್ಬಳೇ ಅಕ್ಕ. ನನಗಿಂತ ಏಳೆಂಟು ವರ್ಷ ದೊಡ್ಡವಳು. ನಮ್ಮದು ಬೆಟಗೇರಿಯ ನೇಕಾರರ ಮನೆ. ಅವಳು ಕೈಮಗ್ಗದ ಮುಂದೆ ಬೆಳೆದು, ಮದುವೆಯಾದ ಮೇಲೆ ಗಂಡನ ಮನೆಯ ಪವರ್‌ಲೂಮಿನ ಪಕ್ಕದಲ್ಲಿ ಸಂಸಾರ ಮಾಡಿದವಳು. ನಾನು ಓದಿಕೊಂಡು ಇತಿಹಾಸದ ಮಾಸ್ತರನಾದೆ. ಒಂದು ಸಂಗತಿಯನ್ನು ನಂಬುವ ಮುಂಚೆ ಇನ್ನೊಂದು ಆಕರದಿಂದ ತಾಳೆ ನೋಡಬೇಕೆಂದು ಹುಡುಗರಿಗೆ ಕಲಿಸುತ್ತ ಕಲಿಸುತ್ತ, ನನ್ನ ಬಾಲ್ಯದ ಬಗ್ಗೆಯೂ ಅದೇ ಸಂಶಯ ಅಂಟಿಕೊಂಡಿತು. ದಿನಚರಿ ಬರೆಯುವ ಚಟವಿದೆ ನನಗೆ. ಬರೆಯುತ್ತ ಕೂತಾಗ ಹಳೆಯದೇನಾದರೂ ಹೊಳೆದರೆ, ಇದು ನಡೆದದ್ದೋ, ಯಾರೋ ಹೇಳಿದ್ದೋ, ನಾನೇ ಚಂದ ಮಾಡಿಕೊಂಡದ್ದೋ ಎಂದು ಪೆನ್ನು ನಿಲ್ಲುತ್ತದೆ. ಅಪ್ಪ ಅವ್ವ ಇಬ್ಬರೂ ಇಲ್ಲ. ಹಳೆಯ ಓಣಿಯೂ ಚದುರಿದೆ. ಉಳಿದ ಆಕರ ಅಕ್ಕ ಒಬ್ಬಳೇ.

ಅವಳ ಮಗಳನ್ನು ಲಕ್ಷ್ಮೇಶ್ವರಕ್ಕೆ ಕೊಟ್ಟಿದೆ. ತಿಂಗಳಿಗೊಮ್ಮೆಯಾದರೂ ಅಕ್ಕನನ್ನು ಕೂರಿಸಿಕೊಂಡು ನಾನು ಅಲ್ಲಿಗೆ ಹೋಗುತ್ತೇನೆ. ಮನೆಯಲ್ಲಿ ಅವಳು ನನಗೆ ಸಿಗುವುದಿಲ್ಲ. ಮೊಮ್ಮಕ್ಕಳು, ಟೀವಿ, ರೊಟ್ಟಿ ಬಡಿಯುವ ಕೆಲಸ. ದಾರಿಯಲ್ಲಿ ಮಾತ್ರ ಸಿಗುತ್ತಾಳೆ. ನಾನು ಕೇಳುವುದು, ಅವಳು ತಿದ್ದುವುದು, ಹೀಗೆ ಎಷ್ಟೋ ವರ್ಷ ನಡೆಯಿತು. ಇತ್ತೀಚೆಗೆ ತಿದ್ದುವುದು ಕಡಿಮೆಯಾಯಿತು. ಮಾತೇ ಕಡಿಮೆಯಾಯಿತು. ಫೋನನ್ನು ಎಡಗಿವಿಗೇ ಹಿಡಿಯುತ್ತಾಳೆಂದು ಗಮನಿಸಿದ ಮೇಲೆ ನನಗೆ ತಿಳಿದದ್ದು, ಅವಳ ಬಲಗಿವಿ ಮಂದವಾಗಿದೆ. ಗಾಡಿಯಲ್ಲಿ ಅವಳು ಕೂರುವುದು ಮುಂದಿನ ಎಡಗಡೆಯ ಸೀಟಿನಲ್ಲಿ. ನಾನಿರುವುದು ಅವಳ ಬಲಕ್ಕೆ. ಅಂದರೆ ನನ್ನ ಪ್ರಶ್ನೆಗಳೆಲ್ಲ ಮುಚ್ಚಿದ ಬಾಗಿಲಿಗೆ ಹೋಗಿ ಬಡಿಯುತ್ತಿದ್ದವು.

ಅವಳ ಮಗ ತಂದುಕೊಟ್ಟ ಕಿವಿ ಮಷೀನು ಕಪಾಟಿನಲ್ಲಿದೆ. "ಅದನ್ನ ಹಾಕ್ಕೊಂಡ್ರ ಸೊಸಿ ಪಾತ್ರಿ ತೊಳಿಯೋ ಸಪ್ಪಳ ಅಷ್ಟ ಕೇಳ್ತದ. ಅದು ಹಾಕ್ಕೊಳ್ಳದನೂ ಕೇಳ್ತಿತ್ತು" ಎನ್ನುತ್ತಾಳೆ. ಡಾಕ್ಟರ ಮಾತೆತ್ತಿದರೆ ಎದ್ದು ಹೋಗುತ್ತಾಳೆ. ಕಿವಿ ಮಂದವಾಯಿತು ಎಂದು ಅವಳ ಬಾಯಿಂದ ನಾವ್ಯಾರೂ ಇದುವರೆಗೆ ಕೇಳಿಲ್ಲ.

ಕಿವಿಯ ಬಗ್ಗೆ ನಮ್ಮ ಹಿರಿಯರೂ ಅಷ್ಟೇನು ನ್ಯಾಯವಾಗಿ ನಡೆದುಕೊಂಡಿಲ್ಲ. ಕವಿಗಳು ಕಣ್ಣನ್ನು ಕಮಲ ಎಂದರು, ಮೀನು ಎಂದರು, ಜಿಂಕೆಯನ್ನು ಕರೆತಂದರು. ಕಿವಿಗೆ ಏನು ಸಿಕ್ಕಿತು? ಓಲೆ, ಜುಮುಕಿ, ಬುಗುಡಿ. ಏನಾದರೂ ತೂಗುಹಾಕುವುದಕ್ಕೆ ಒಂದು ಗೂಟ, ಅಷ್ಟೇ. ವೇದವನ್ನು ಶ್ರುತಿ ಎಂದು ಕರೆದು ಕಿವಿಗೆ ಒಮ್ಮೆ ದೊಡ್ಡ ಗೌರವ ಕೊಟ್ಟರು, ನಿಜ. ಆದರೆ ಕಟಕಟೆ ಏರುವ ಹೊತ್ತಿಗೆ ಪಕ್ಷ ಬದಲಿಸಿದರು. ಸಾಕ್ಷಿ ಎಂಬ ಪದದಲ್ಲೇ ಅಕ್ಷಿ, ಅಂದರೆ ಕಣ್ಣು, ಕೂತಿದೆ. ಕಿವಿಗೆ ಅಲ್ಲಿ ಜಾಗವಿಲ್ಲ. ಕಣ್ಣು ಚೆನ್ನಾಗಿರುವ ನನ್ನ ಸಾಕ್ಷಿ ಪಕ್ಕದ ಸೀಟಿನಲ್ಲೇ ಕೂತಿದ್ದರೂ ಪ್ರಶ್ನೆ ಅವಳನ್ನು ತಲುಪದಿದ್ದರೆ ಏನು ಬಂತು ಎಂದು ನಾನು ಯೋಚಿಸುತ್ತಿದ್ದ ದಿನಗಳಲ್ಲೇ ದಾದಾಪೀರರ ಅಂಗಡಿಯ ಮುಂದೆ ಗಾಡಿ ನಿಲ್ಲಿಸಿದ್ದು.

ದಾದಾಪೀರರದು ಮುಂಡರಗಿ ರಸ್ತೆಯಲ್ಲಿ ಕಾರಿನ ಅಲಂಕಾರದ ಅಂಗಡಿ. ಅವರ ತಂದೆ ಲಗ್ನ, ಉರುಸು, ಭಾಷಣಗಳಿಗೆ ಮೈಕ್ ಸೆಟ್ ಕೊಡುತ್ತಿದ್ದರಂತೆ. ಮಗ ಸೀಟ್ ಕವರು, ಸ್ಪೀಕರುಗಳಿಗೆ ಇಳಿದರು. ಮಾತು ದೊಡ್ಡದಾಗಿ ಕೇಳಿಸಲು ಒಳ್ಳೆಯ ಸ್ಪೀಕರುಗಳಿದ್ದರೆ ಸಾಕೆಂದುಕೊಂಡಿದ್ದ ನಾನು, ಸೌಂಡ್ ಸಿಸ್ಟಮ್ ಬೇಕು, ಆದರೆ ಏನೂ ಕಾಣಬಾರದು ಎಂದಾಗ ಅವರು ನನ್ನನ್ನೊಮ್ಮೆ, ಗಾಡಿಯನ್ನೊಮ್ಮೆ ನೋಡಿದರು.

"ಏನ್ ಸರ್ರ, ಮನ್ಯಾಗ ಹೇಳದ ಹಾಕ್ಸಾಕ ಬಂದೀರೇನು?"

"ಹಂಗೇನಿಲ್ಲರಿ."

"ಮತ್ತ? ಮಂದಿ ಇದನ್ನ ಹಾಕ್ಸೋದ ಕಾಣಲಿ ಅಂತ. ಕೇಳಾಕ ಯಾರ್ ಹಾಕಸ್ತಾರ್ರಿ?"

ಬಚ್ಚಿಡುವ ಕೆಲಸ ಅವರಿಗೆ ಹಿಡಿಸಲಿಲ್ಲ. ಮಾಡಿದ್ದು ಯಾರಿಗೂ ಕಾಣದಿದ್ದರೆ ಮುಂದಿನ ಗಿರಾಕಿ ಬರುವುದು ಹೇಗೆ? ಹಿಂದಿನ ಗಾಜಿಗೆ ಅಂಗಡಿಯ ಹೆಸರಿನ ಸ್ಟಿಕ್ಕರನ್ನಾದರೂ ಅಂಟಿಸುತ್ತೇನೆ ಎಂದರು. ಅದೂ ಬೇಡ ಎಂದೆ. ಬೇಸರದಲ್ಲೇ ಬಾಗಿಲುಗಳ ಒಳಹಲಗೆ ಬಿಚ್ಚಿದರು. ವೈರುಗಳು ಕಾರ್ಪೆಟ್ಟಿನ ಕೆಳಗೆ ಹರಿದವು. ದಪ್ಪ ದನಿಯ ವೂಫರು ಸೀಟಿನ ಅಡಿಗೆ ಹೋಯಿತು. ಕೊನೆಗೆ, "ಯಾರ ಸೀಟಿಗೆ ಹೊಂದಸ್ಲಿ?" ಎಂದು ಕೇಳಿದರು.

ಈ ಪ್ರಶ್ನೆ ನನಗೆ ಹೊಸದು. ಅವರು ವಿವರಿಸಿದ ಮೇಲೆ ಬಹಳ ಹೊತ್ತು ಅದೇ ತಲೆಯಲ್ಲಿ ಸುತ್ತಿತು. ಕಾರಿನಲ್ಲಿ ಯಾರೂ ನಟ್ಟನಡುವೆ ಕೂರುವುದಿಲ್ಲವಲ್ಲ. ಒಂದು ಸ್ಪೀಕರು ಹತ್ತಿರ, ಒಂದು ದೂರ. ಅದಕ್ಕೆ ಹತ್ತಿರದ ದನಿಯನ್ನು ಕೂದಲೆಳೆಯಷ್ಟು ಹೊತ್ತು ತಡೆದು ಹಿಡಿಯುವ ಒಂದು ಯಂತ್ರವಿದೆ. ದೂರದ್ದು ಬಂದು ಕೂಡಿಕೊಳ್ಳುವ ತನಕ ಹತ್ತಿರದ್ದು ಕಾಯುತ್ತದೆ. ಆದರೆ ಹಾಗೆ ಹೊಂದಿಸಲು ಆಗುವುದು ಒಂದೇ ಸೀಟಿಗೆ. ಐದು ಜನ ಕೂತು ಒಂದೇ ಹಾಡು ಕೇಳಿದರೂ ಅದು ಸರಿಯಾಗಿ ಕೇಳಿಸುವುದು ಒಬ್ಬರಿಗೆ. ಉಳಿದವರು ಆ ಒಬ್ಬರ ಹಾಡನ್ನು ಮಗ್ಗುಲಿನಿಂದ ಕೇಳಿದ ಹಾಗೆ. ಒಂದು ಮನೆಯಲ್ಲಿ ಬೆಳೆದ ಮಕ್ಕಳ ನೆನಪುಗಳೂ ಹೀಗೆಯೇ ಇರಬಹುದೇ ಎಂದುಕೊಂಡೆ. ಹಾಗನ್ನಿಸಿದ್ದು ಅಲ್ಲೋ, ಇದನ್ನು ಬರೆಯುವಾಗಲೋ, ಈಗ ಹೇಳಲಾರೆ.

"ಎಡಗಡೆ ಸೀಟಿಗೆ" ಎಂದೆ.

"ಗಾಡಿ ಹೊಡಿಯೋರು ನೀವು, ಕೇಳೋರು ಯಾರ್ರಿ?"

ಆಗ ಹೇಳಬೇಕಾಯಿತು. ನಮ್ಮಕ್ಕನಿಗೆ ಬಲಗಿವಿ ಮಂದ, ಅವಳಿಗೆ ಹಾಡಿನ ಆಸೆಯೇನೂ ಇಲ್ಲ, ಲಕ್ಷ್ಮೇಶ್ವರದ ದಾರಿಯಲ್ಲಿ ನನ್ನ ಮಾತು ಅವಳಿಗೆ ಕೇಳಿಸಬೇಕು, ಅವಳಿಗಾಗಿ ಮಾಡಿಸಿದ್ದು ಅವಳಿಗೇ ಗೊತ್ತಾಗಬಾರದು. ದಾದಾಪೀರರ ಮುಖ ಮೊದಲ ಬಾರಿಗೆ ಅರಳಿತು.

"ಮೊದ್ಲ ಹೇಳಬಾರ್ದೇನ್ರಿ? ಹಂಗಾದ್ರ ನಿಮಗ ಮೈಕ್ ಹಾಕೂನು. ಆದ್ರ ಮಾಸ್ತರ ಕೈಯಾಗ ಮೈಕ್ ಕೊಟ್ರ ಗಾಡಿ ಲಕ್ಷ್ಮೇಶ್ವರದಾಗ ನಿಲ್ತದೋ ಇಲ್ಲೋ."

ಸ್ಟೇರಿಂಗಿನ ಹಿಂದೆ ಕಡಲೆಕಾಳಿನಷ್ಟು ಮೈಕು ಕೂತಿತು. ಮೊದಲ ಪರೀಕ್ಷೆಯಲ್ಲಿ ನಾನು ಬಾಯಿ ತೆರೆದದ್ದೇ ತಡ, ಗಾಡಿಯೇ ಕುಂಯ್ ಎಂದು ಕಿರುಚಿತು. ಎದುರಿನ ಚಹಾದಂಗಡಿಯವರು ಎದ್ದು ನಿಂತರು. ಸ್ಪೀಕರಿನ ದನಿ ಮೈಕಿಗೆ, ಮೈಕಿನದು ಸ್ಪೀಕರಿಗೆ ಹೋಗಿ ಹಾಗಾಗುತ್ತದಂತೆ. ತಿರುಗಿಸಿದೆವು, ಸರಿಸಿದೆವು, ಮತ್ತೆ ಕಿರುಚಿತು. ಬಾಗಿಲಿನ ದೊಡ್ಡ ಸ್ಪೀಕರಿನಿಂದ ಮಾತು ಕಳಿಸುವುದೇ ತಪ್ಪು ಎಂದು ಕೊನೆಗೆ ಇಬ್ಬರಿಗೂ ಹೊಳೆಯಿತು. ಎಡಗಡೆಯ ಸೀಟಿನ ತಲೆದಿಂಬಿನೊಳಗೆ, ಎಡಗಿವಿಯ ಹತ್ತಿರಕ್ಕೆ, ಒಂದು ಪುಟ್ಟ ಸ್ಪೀಕರು ಇಟ್ಟು ದನಿಯನ್ನು ಪಿಸುಮಾತಿನಷ್ಟು ಇಳಿಸಿದೆವು. ಕಿರುಚಾಟ ನಿಂತಿತು. ದಿಂಬಿಗೆ ಹೊಸ ಕಪ್ಪು ಬಟ್ಟೆಯ ಹೊದಿಕೆ ಹೊಲಿಸಿದರು.

ದಾದಾಪೀರರು ಅಕ್ಕನ ಜಾಗದಲ್ಲಿ ಕೂತು, ಬಲಗಿವಿಗೆ ಬೆರಳಿಟ್ಟುಕೊಂಡು, "ಹೂಂ, ಮಾತಾಡ್ರಿ" ಎಂದರು. "ಗದಗ, ಮುಂಡರಗಿ, ಶಿರಹಟ್ಟಿ, ಲಕ್ಷ್ಮೇಶ್ವರ" ಎಂದೆ.

"ಆತ್ರಿ" ಎಂದರು. "ಬಸ್ ಸ್ಟ್ಯಾಂಡಿನ್ಯಾಗ ನಿಂತಂಗಾತು."

ಆ ಭಾನುವಾರ ಅಕ್ಕನನ್ನು ಕೂರಿಸಿಕೊಂಡು ಹೊರಟೆ. ಮಡಿಲಲ್ಲಿ ಮಗಳಿಗೆಂದು ಕಟ್ಟಿದ ಶೇಂಗಾ ಹೋಳಿಗೆಯ ಡಬ್ಬಿ. ಅಸುಂಡಿಯ ಹತ್ತಿರ ಬರುವವರೆಗೆ ಧೈರ್ಯವಾಗಲಿಲ್ಲ. ಆಮೇಲೆ ಮೈಕಿನ ಗುಂಡಿ ಒತ್ತಿ, ಸಹಜವಾಗಿ, "ಬಿಸಲು ಭಾಳ ಐತಿ ಇವತ್ತ" ಎಂದೆ.

ಅಕ್ಕ ತಟ್ಟನೆ ಎಡಕ್ಕೆ ಹೊರಳಿದಳು. ಕಿಟಕಿಯಾಚೆ, ನಮಗೆ ಸಮನಾಗಿ, ಒಬ್ಬ ರೈತ ಬೈಕಿನಲ್ಲಿ ಹೋಗುತ್ತಿದ್ದ. "ಹೌದಪಾ, ಭಾಳ ಐತಿ" ಎಂದು ಗಾಜಿನೊಳಗಿಂದಲೇ ಅವನಿಗೆ ಹೇಳಿ ಕೈ ಆಡಿಸಿದಳು. ಯಾರೋ ಗುರುತಿನವರಿರಬೇಕೆಂದು ಅವನೂ ಒಂದು ಕೈ ಎತ್ತಿ ನಮಸ್ಕಾರ ಮಾಡಿ ಮುಂದೆ ಹೋದ.

ನಕ್ಕುಬಿಡಬಹುದಿತ್ತು. ಆದರೆ ಸಿಕ್ಕಿಬೀಳುವ ಭಯವಾಯಿತು. ಸ್ವಲ್ಪ ದೂರ ಹೋಗಿ, "ಹೋಳಿಗಿ ಎಷ್ಟೊತ್ತಿಗೆ ಎದ್ದು ಮಾಡಿದಿ?" ಎಂದೆ. ಈ ಸಲ ಕಿಟಕಿಯಾಚೆ ಎರೆಹೊಲ ಬಿಟ್ಟರೆ ಯಾರೂ ಇರಲಿಲ್ಲ. ಅಕ್ಕ ಹೊಲವನ್ನು ನೋಡಿದಳು, ನನ್ನನ್ನು ನೋಡಿದಳು. ಕೈ ಹಿಂದೆ ಮಾಡಿ ತಲೆದಿಂಬನ್ನು ಸವರಿದಳು. ಹೆಬ್ಬೆರಳು ತೋರುಬೆರಳಿನ ನಡುವೆ ಬಟ್ಟೆ ಹಿಡಿದು ಉಜ್ಜಿದಳು. ನಮ್ಮ ಮನೆಯಲ್ಲಿ ಸೀರೆ ಕೈಗೆತ್ತಿಕೊಂಡವರೆಲ್ಲ ಹಾಗೇ ಮಾಡುತ್ತಿದ್ದರು. ಬೇರೆ ಸೀಟುಗಳ ಬಟ್ಟೆಗೆ ಬಣ್ಣ ಹೊಂದಿಸಿದ್ದೆವು. ನೇಯ್ಗೆ ಹೊಂದಿಸಬೇಕೆಂದು ನೇಕಾರನ ಮಗನಾದ ನನಗೇ ಹೊಳೆದಿರಲಿಲ್ಲ.

"ಈ ಅರಿವಿ ಬ್ಯಾರೆ ಐತಿ" ಎಂದಳು. "ಒಳಗ ಏನ್ ಇಟ್ಟೀ ತಮ್ಮಾ?"

ಹೇಳಿದೆ.

"ಯಾರ ಕೈಲೆ ಹಾಕ್ಸಿದಿ?"

ಹೇಳಿದೆ.

"ಅವಗ ಏನಂತ ಹೇಳಿದಿ ನನ್ನ ಬಗ್ಗೆ?"

ಅದನ್ನೂ ಹೇಳಿದೆ. ಅಕ್ಕ ಡಬ್ಬಿಯನ್ನು ಮಡಿಲಲ್ಲಿ ಸರಿಮಾಡಿಕೊಂಡಳು. "ಮುಂಡರಗಿ ರೋಡಿನ ಮಂದಿಗೆ ಗೊತ್ತು ಮಾಡಿದಿ. ನನಗ ಒಂದ ಮಾತು ಕೇಳಬೇಕಿತ್ತು."

"ಕೇಳಿದ್ರ ಬ್ಯಾಡ ಅಂತಿದ್ದಿ."

"ಹೌದು, ಬ್ಯಾಡ ಅಂತಿದ್ನಿ. ನೀ ಆದ್ರೂ ಹಾಕ್ಸತಿದ್ದಿ. ಆದ್ರೂ ಕೇಳಬೇಕಿತ್ತು."

ಮುಳಗುಂದ ದಾಟಿತು. ಲಕ್ಷ್ಮೇಶ್ವರದಿಂದ ಅವಳು ಬಸ್ಸಿನಲ್ಲಿ ಮರಳಿದರೆ, ಇನ್ನು ನನ್ನ ಜೊತೆ ಬರುವುದೇ ಇಲ್ಲ ಎಂದರೆ, ಎಂದು ಲೆಕ್ಕ ಹಾಕುತ್ತಿದ್ದೆ. ನಾನು ಕಳೆದುಕೊಳ್ಳುವುದು ಅಕ್ಕನ ಜೊತೆಯನ್ನೋ, ನನ್ನ ಬಾಲ್ಯದ ಆಕರವನ್ನೋ? ಎರಡನೆಯದರ ಚಿಂತೆ ಮೊದಲು ಬಂತೇನೋ ಎಂಬ ಅನುಮಾನ ನನ್ನನ್ನು ಇನ್ನಷ್ಟು ಸುಮ್ಮನಾಗಿಸಿತು.

"ಏನರ ಮಾತಾಡಲೇ" ಎಂದಳು ಅಕ್ಕ. "ಇಷ್ಟೆಲ್ಲ ಹಾಕ್ಸಿ ಬಾಯಿ ಮುಚ್ಚಿಕೊಂಡು ಕುಂತ್ರ ಏನ್ ಬಂತು?"

ಬಾಯಿಗೆ ಬಂದದ್ದನ್ನು ಕೇಳಿದೆ. ಅಪ್ಪ ನನ್ನನ್ನು ಸೈಕಲ್ಲಿನ ಮುಂದಿನ ದಂಡಿಗೆಯ ಮೇಲೆ ಕೂರಿಸಿಕೊಂಡು, ಹಿಂದೆ ಸೀರೆಯ ಗಂಟು ಕಟ್ಟಿಕೊಂಡು ಇದೇ ದಾರಿಯಲ್ಲಿ ಸಂತೆಗೆ ಹೋಗುತ್ತಿದ್ದುದು ನೆನಪಿದೆಯೇ? ಉತ್ತರ ನನಗೆ ಗೊತ್ತೇ ಇತ್ತು. ಹೋದ ವರ್ಷ ಅವಳೇ ಹೌದೆಂದಿದ್ದಳು.

"ನಿನ್ನಾ?" ಎಂದಳು. "ದಂಡಿಗಿ ಮ್ಯಾಲ ಕುಂತಾಕಿ ನಾನು. ನೀ ಇನ್ನಾ ತೊಟ್ಟಿಲದಾಗಿದ್ದಿ. ಈ ಕಥಿ ನಾನ ನಿನಗ ಹೇಳಿದ್ದು."

"ಮತ್ತ ಹೋದ ವರ್ಷ ಹೌದು ಅಂದೆಲ್ಲ?"

"ಹೋದ ವರ್ಷ ಎಲ್ಲಿ ಕೇಳಿತ್ತು ನನಗ? ನಿನ್ನ ಮಾರಿ ನೋಡಿದ್ನಿ. ಹೌದು ಅನ್ನಸ್ಕೊಳ್ಳಾಕ ಕುಂತಿದ್ದಿ. ಅಂದ್ನಿ."

"ಎಷ್ಟು ದಿನದಿಂದ ಹಿಂಗ ಅನ್ನಾಕ ಹತ್ತೀ?"

"ಆತು ಒಂದೆರಡು ವರ್ಷ. ಎಲ್ಲಾ ಹೌದು ಅಂದೀನಿ. ಪಾಪ, ಖುಷಿಯಿಂದ ಇದ್ದಿ."

ನಾನು ಗಾಡಿಯ ವೇಗ ಇಳಿಸಿದೆ. ಒಂದೆರಡು ವರ್ಷ ತಾಳೆ ನೋಡಿ, ಗಟ್ಟಿಯಾಯಿತು ಎಂದು ನಾನು ನೆಮ್ಮದಿಯಿಂದ ಬರೆದಿಟ್ಟುಕೊಂಡ ಬಾಲ್ಯ, ನನ್ನ ಮುಖ ನೋಡಿ ಅಕ್ಕ ತೋರಿಸಿದ ಕರುಣೆಯಾಗಿತ್ತು. ಮತ್ತೆ ಮೊದಲಿನಿಂದ ಕೇಳಲು ಶುರು ಮಾಡಿದೆ. ಹಿತ್ತಲಿನಲ್ಲಿ ಪೇರಲ ಗಿಡ? ಅದು ಪಕ್ಕದ ಮನೆಯದು. ಬಿದ್ದು ಹಲ್ಲು ಮುರಿದುಕೊಂಡದ್ದು? ಬಿದ್ದದ್ದಲ್ಲ, ಮುರಿದವಳು ನೀಲಕ್ಕ. ಅದನ್ನು ಹೇಳುವಾಗ ಅವಳು ನಕ್ಕು ನಕ್ಕು ಡಬ್ಬಿ ಜಾರಿಸಿಕೊಂಡಳು. ಯಳವತ್ತಿ ದಾಟುವಷ್ಟರಲ್ಲಿ ನನ್ನ ಪಾಲಿನ ಬಾಲ್ಯ ಅರ್ಧಕ್ಕೆ ಇಳಿದಿತ್ತು. ಆದರೆ ಅವಳ 'ಹೌದು'ಗಳ ಕಾಲದಲ್ಲಿ ನಾನು ಒಬ್ಬನೇ ಮಾತಾಡುತ್ತ ಬಂದಿದ್ದೆ; ಈಗ ಒಂದೊಂದು 'ಅಲ್ಲ'ದ ಹಿಂದೆಯೂ ಅಕ್ಕ ಇದ್ದಳು.

ಲಕ್ಷ್ಮೇಶ್ವರದಲ್ಲಿ ಅವಳ ಮಗಳ ಮನೆಯ ಮುಂದೆ ಗಾಡಿ ನಿಲ್ಲಿಸಿದೆ. ಮಗಳು ಬಾಗಿಲಿಗೆ ಬಂದು ನಿಂತಳು. ಅಕ್ಕ ಕಿಟಕಿ ಇಳಿಸಿ ಹೋಳಿಗೆಯ ಡಬ್ಬಿಯನ್ನು ಅವಳ ಕೈಗಿತ್ತು, "ಚಹಾಕ್ಕ ಇಡು, ಬರತೀವಿ" ಎಂದು ಗಾಜು ಏರಿಸಿಕೊಂಡಳು. ಇಳಿಯಲಿಲ್ಲ.

"ಶಿರಹಟ್ಟಿ ರೋಡಿಗೆ ತಗೋ" ಎಂದಳು ನನಗೆ. "ಅವ್ವನ ಬಗ್ಗೆ ನೀ ಏನೇನ್ ಬರಕೊಂಡೀಯೋ, ಅದನ್ನೂ ಒಮ್ಮೆ ಕೇಳಿ ಬಿಡ್ತೀನಿ."