ಟ್ಯಾಂಕಿನ ತಳದ ನೀರು

ಶೆರಿಲ್, ನಿನ್ನ ಅಪ್ಪನ ಬೈಕಿನ ಟ್ಯಾಂಕಿಗೆ ನೀರು ಸುರಿದವಳು ನಾನು.

ಮಳೆಯಲ್ಲ. ಮುಚ್ಚಳ ಸಡಿಲವಾಗಿರಲಿಲ್ಲ. ಸರ್ವೋ ಬಂಕಿನಲ್ಲಿ ತುಂಬಿಸಿದ ಪೆಟ್ರೋಲು ಕೆಟ್ಟದ್ದಾಗಿರಲಿಲ್ಲ. ನಿನ್ನ ಕೈತಪ್ಪು — ಅದಂತೂ ಅಲ್ಲವೇ ಅಲ್ಲ. ನಾನು ಸುರಿದೆ. ಹಗಲು ಹೊತ್ತಿನಲ್ಲಿ, ಎಚ್ಚರದಲ್ಲಿ, ನನ್ನ ಈ ಬಲಗೈಯಿಂದ. ಸುರಿದು, ಮುಚ್ಚಳ ಹಾಕಿ, ಒಳಗೆ ಬಂದು, ಸಂಜೆಯ ಸಾರಿಗೆ ಹುಣಸೆಹಣ್ಣು ನೆನೆಹಾಕಿದೆ.

ಇದನ್ನು ಬರೆಯುವಾಗ ನನಗೆ ಅಳು ಬರಬೇಕಿತ್ತು. ಬರುತ್ತಿಲ್ಲ. ಕೋಪ ಬರುತ್ತಿದೆ. ನಮ್ಮ ಚರ್ಚಿನಲ್ಲಿ ಯಾರನ್ನು ಬೇಕಾದರೂ ಕೇಳು, ‘ಆಕೆ ಬಹಳ ಸಾಧು’ ಎನ್ನುತ್ತಾರೆ. ಮೈಸೂರಿನ ಕಾನ್ವೆಂಟಿನಲ್ಲಿ ಸಿಸ್ಟರುಗಳು ನಮಗೆ ಬಾಗಿಲನ್ನು ಸದ್ದಿಲ್ಲದೆ ಮುಚ್ಚುವುದನ್ನು ಕಲಿಸಿದ್ದರು — ಹಿಡಿಕೆಯನ್ನು ಪೂರ್ತಿ ತಿರುಗಿಸಿ, ಚೌಕಟ್ಟಿಗೆ ತಾಗಿಸಿ, ಆಮೇಲೆ ನಿಧಾನವಾಗಿ ಬಿಡಬೇಕು. ಅಂದಿನಿಂದ ನಾನು ಎಲ್ಲವನ್ನೂ ಹಾಗೆಯೇ ಮುಚ್ಚಿದ್ದೇನೆ. ಆ ಟ್ಯಾಂಕಿನ ಮುಚ್ಚಳವನ್ನೂ.

ಈ ಊರಿನ ಚಳಿಗಾಲ ಹಿಮ ಬೀಳುವಂಥದ್ದಲ್ಲ. ಅಡಿಲೇಡಿನಲ್ಲಿ ಜುಲೈ ತಿಂಗಳಲ್ಲೂ ಜನ ಬೈಕ್ ಓಡಿಸುತ್ತಾರೆ. ನಿನ್ನ ಅಪ್ಪ ಮಾತ್ರ ಓಡಿಸುತ್ತಿರಲಿಲ್ಲ. ಕುಂದಾಪುರದಲ್ಲಿ ನಿನ್ನ ಅಜ್ಜ ಮಳೆ ಹಿಡಿಯುತ್ತಿದ್ದಂತೆ ಗಾಡಿಯನ್ನು ಜಗುಲಿಗೆ ಹತ್ತಿಸಿ, ಟಾರ್ಪಾಲು ಹೊದಿಸಿ, ಸೆಪ್ಟೆಂಬರಿನಲ್ಲಿ ಹೊಸ ತೆನೆಯ ಮೊಂತಿ ಹಬ್ಬಕ್ಕೇ ಹೊರಗೆ ತೆಗೆಯುತ್ತಿದ್ದರಂತೆ. ಅಲ್ಲಿಯ ಮಳೆಗಾಲದ ತಿಂಗಳುಗಳೇ ಇಲ್ಲಿಯ ಚಳಿಗಾಲದವು. ಹಾಗಾಗಿ ಮಸ್ಕತ್ತಿನಿಂದ ಪರ್ತ್‌ಗೆ ಬಂದು, ವೆಲ್ಷ್‌ಪೂಲಿನ ಗೋದಾಮಿನಲ್ಲಿ ಕೆಲಸಕ್ಕೆ ಸೇರಿ, ಆ ಹಳೆಯ ಕೆಂಪು ಬೈಕನ್ನು ಕೊಂಡಾಗಿನಿಂದ ನಿನ್ನ ಅಪ್ಪ ಆ ಪದ್ಧತಿ ಬಿಡಲಿಲ್ಲ. ಜೂನ್ ಬಂತೆಂದರೆ ಗಾಡಿ ಶೆಡ್ಡಿಗೆ. ಮೊಂತಿ ಹಬ್ಬಕ್ಕೆ ಮತ್ತೆ ಬಿಸಿಲಿಗೆ.

ನೀನು ನಡೆಯಲು ಕಲಿತದ್ದೇ ಆ ಗಾಡಿ ಹಿಡಿದುಕೊಂಡು. ಸ್ಪ್ಯಾನರಿನ ಅಳತೆ ನಿನಗೆ ಅಕ್ಷರಕ್ಕಿಂತ ಮೊದಲು ಬಂತು. ಅಡಿಲೇಡಿಗೆ ಬಂದ ಮೇಲೆ, ಶಾಲೆ ಮುಗಿಯುವ ವರ್ಷ, ನೀನು ಶನಿವಾರಗಳಲ್ಲಿ ಕಿಲ್ಬರ್ನ್‌ನ ನಿಕ್ ಅಂಕಲ್ ಗ್ಯಾರೇಜಿಗೆ ಹೋಗತೊಡಗಿದೆ. ಅವರು ನಿನ್ನನ್ನು ಅಪ್ರೆಂಟಿಸ್ ಆಗಿ ತೆಗೆದುಕೊಳ್ಳುತ್ತೇನೆ ಎಂದರು. ನೀನು ಊಟದ ಮೇಜಿನಲ್ಲಿ ಅದನ್ನು ಹೇಳಿದಾಗ ನಿನ್ನ ಉಗುರಿನ ಸಂದಿಯಲ್ಲಿ ಗ್ರೀಸ್ ಇತ್ತು. ನಾನು ಅದನ್ನೇ ನೋಡುತ್ತಿದ್ದೆ.

ಅಪ್ಪ ಚಪಾತಿ ಹರಿಯುತ್ತ ನಕ್ಕರು. “ಈ ಸಲ ಗಾಡಿಯನ್ನು ನೀನೇ ಚಳಿಗಾಲಕ್ಕೆ ಇಡು ಮಾರಾಯ್ತಿ. ನಾನು ಕೈ ಹಾಕುವುದಿಲ್ಲ. ಮೊಂತಿ ಹಬ್ಬದ ದಿನ ಸ್ಟಾರ್ಟ್ ಆಯ್ತು ಅಂದ್ರೆ ನಾನೇ ನಿಕ್ ಹತ್ರ ಬಂದು ಮಾತಾಡ್ತೇನೆ. ಇಲ್ಲಾಂದ್ರೆ ಸುಮ್ನೆ ಕಾಲೇಜಿಗೆ ಹೋಗುದು. ಆಯ್ತಾ?”

“ಡೀಲ್,” ಎಂದೆ ನೀನು. ಅವರ ಕೈ ಕುಲುಕಿದೆ.

ನನ್ನನ್ನು ಯಾರೂ ಕೇಳಲಿಲ್ಲ. ಕೇಳಿದ್ದರೂ ‘ನಿಮ್ಮಿಷ್ಟ’ ಎನ್ನುತ್ತಿದ್ದೆ, ಬಿಡು. ಒಳಗೆ ಮಾತ್ರ — ಬೇಡ, ಬೇಡ, ಬೇಡ. ಪರ್ತ್‌ನಲ್ಲಿ ನಿನ್ನ ಅಪ್ಪ ಬೈಕಿನಿಂದ ಲಾರಿಯ ಮುಂದೆ ಜಾರಿ ಬಿದ್ದು ಹೆಗಲ ಮೂಳೆ ಮುರಿದುಕೊಂಡದ್ದು ನನಗೆ ಮರೆತಿರಲಿಲ್ಲ. ಆದರೆ ಅದನ್ನು ಇಲ್ಲಿ ನೆಪವಾಗಿ ತರುವುದಿಲ್ಲ. ಸತ್ಯ ಹೇಳಬೇಕೆಂದರೆ ಭಯ ಅರ್ಧ. ಇನ್ನರ್ಧ ನಾಚಿಕೆ. ಪೂಜೆ ಮುಗಿದು ಚರ್ಚಿನ ಅಂಗಳದಲ್ಲಿ ನಿಂತಾಗ, ಒಬ್ಬರ ಮಗಳು ನರ್ಸಿಂಗ್, ಇನ್ನೊಬ್ಬರದು ಫಾರ್ಮಸಿ, ನಿಮ್ಮ ಮಗಳು ಎಂದರೆ — ಗ್ಯಾರೇಜು. ಆ ಒಂದು ಪದವನ್ನು ಬಾಯಿ ಬಿಟ್ಟು ಹೇಳುವ ಕಷ್ಟ ತಪ್ಪಿಸಿಕೊಳ್ಳಲು ನಾನು ನಿನ್ನ ಬದುಕನ್ನೇ ತಿರುಗಿಸಿದೆ.

ನೀನು ಎಷ್ಟು ಚೆನ್ನಾಗಿ ಮಾಡಿದ್ದೆ! ಅದನ್ನು ನೋಡಿದವಳು ನಾನೊಬ್ಬಳೇ. ನೀನು ಗಾಡಿ ತೊಳೆದು, ಒಣಗಿಸಿ, ಚೈನಿಗೆ ಎಣ್ಣೆ ಬಿಟ್ಟೆ. ಎಂಜಿನ್ ಆಯಿಲ್ ಬದಲಿಸಿದೆ. ಪೆಟ್ರೋಲು ಕೆಡದಂತೆ ಕಾಯುವ ಔಷಧವನ್ನು ಖಾಲಿಯಾಗುತ್ತಿದ್ದ ಟ್ಯಾಂಕಿಗೆ ಮೊದಲು ಹಾಕಿ, ಆಮೇಲೆ ಸರ್ವೋಗೆ ಹೋಗಿ ಎಥೆನಾಲ್ ಇಲ್ಲದ ಪೆಟ್ರೋಲನ್ನು ಕತ್ತಿನವರೆಗೆ ತುಂಬಿಸಿದೆ. ಔಷಧ ಒಳಗೆಲ್ಲ ಹರಿಯಲೆಂದು ಸುತ್ತಿ ಬಳಸಿ ಮನೆಗೆ ಬಂದೆ. ಪೆಟ್ರೋಲಿನ ಕೊಳಾಯಿ ಮುಚ್ಚಿ, ಕಾರ್ಬುರೇಟರಿನಲ್ಲಿ ಉಳಿದದ್ದನ್ನು ಬಸಿದೆ. ಬ್ಯಾಟರಿ ಬಿಚ್ಚಿ ಬಟ್ಟೆ ಒಗೆಯುವ ಕೋಣೆಯಲ್ಲಿಟ್ಟೆ.

‘ಸುಮ್ಮನೆ ನಿಲ್ಲುವ ಗಾಡಿಗೆ ಇಷ್ಟೊಂದು ಪೆಟ್ರೋಲ್ ಯಾಕೆ ಪುಟ್ಟಿ’ ಎಂದು ನಾನೇ ಕೇಳಿದೆ. ನೀನು ನನ್ನನ್ನು ಅಡುಗೆಮನೆಗೆ ಎಳೆದುಕೊಂಡು ಹೋದೆ. ಗಾಜಿನ ಲೋಟದಲ್ಲಿ ನೀರು ತೆಗೆದುಕೊಂಡೆ. ಕೊಬ್ಬರಿ ಎಣ್ಣೆ ಚಳಿಗೆ ಗಟ್ಟಿಯಾಗಿತ್ತು. ಸೂರ್ಯಕಾಂತಿ ಎಣ್ಣೆ ಸುರಿದೆ. ಎಣ್ಣೆ ಮೇಲೆ, ನೀರು ಕೆಳಗೆ.

“ಸೀ, ಅಮ್ಮ? ಜಾಗ ಇದ್ರೆ ಗಾಳಿ. ಗಾಳಿ ಕೋಲ್ಡ್ ಆದ್ರೆ ನೀರು. ನೀರು ಗೋಸ್ ಡೌನ್. ದೆನ್ ರಸ್ಟ್. ಟ್ಯಾಂಕ್ ಫಿನಿಶ್!”

ನನಗಾಗಿ ಕಷ್ಟಪಟ್ಟು ಅಷ್ಟು ಕನ್ನಡ ಸೇರಿಸಿದ್ದೆ. ಆ ಪಾಠವನ್ನು ನಾನು ಚೆನ್ನಾಗಿ ಕಲಿತೆ, ಮಗಳೇ. ಬಹಳ ಚೆನ್ನಾಗಿ.

ನಮ್ಮ ಮನೆಯ ಪದ್ಧತಿ ನಿನಗೆ ಗೊತ್ತು. ಪ್ರತಿ ವರ್ಷ ಈಸ್ಟರಿನಲ್ಲಿ ಮಂತ್ರಿಸಿದ ನೀರನ್ನು ಬಾಟಲಿಯಲ್ಲಿ ತರುತ್ತೇವೆ. ಪರೀಕ್ಷೆಗೆ ಹೊರಟವರಿಗೆ, ಜ್ವರ ಬಂದವರಿಗೆ, ಹೊಸ ವಾಹನಕ್ಕೆ ಅದನ್ನೇ ಚಿಮುಕಿಸುತ್ತೇವೆ. ಶೆಡ್ಡಿಗೆ ಸೇರಿದ ಬೈಕಿನ ಮೇಲೆ ನಾಲ್ಕು ಹನಿ ಹಾಕಿ ಶಿಲುಬೆಯ ಗುರುತು ಮಾಡುವುದು ಪ್ರತಿ ಜೂನಿನಲ್ಲೂ ನನ್ನ ಪಾಲಿನ ಕೆಲಸ. ಅದಕ್ಕೇ ಆ ಮಧ್ಯಾಹ್ನ ಬಾಟಲಿ ಹಿಡಿದು ಶೆಡ್ಡಿಗೆ ಹೋದ ನನ್ನನ್ನು ಯಾರಾದರೂ ನೋಡಿದ್ದರೂ ಸಂಶಯಪಡುತ್ತಿರಲಿಲ್ಲ. ನಿನ್ನ ಅಪ್ಪ ಕೆಲಸಕ್ಕೆ ಹೋಗಿದ್ದರು. ನೀನು ಕಿಲ್ಬರ್ನ್‌ನಲ್ಲಿದ್ದೆ. ಹೊದಿಕೆ ಸರಿಸಿದೆ. ಟ್ಯಾಂಕಿನ ಮೇಲೆ ಹನಿಸಿದೆ. ಅಲ್ಲಿಯವರೆಗೆ ಪ್ರಾರ್ಥನೆ.

ಆದರೆ — ಫ್ರಿಜ್ಜಿನ ಪಕ್ಕದ ಕೊಕ್ಕೆಯಲ್ಲಿದ್ದ ಟ್ಯಾಂಕಿನ ಕೀಲಿಕೈಯನ್ನು ಮನೆಯಿಂದ ಹೊರಡುವಾಗಲೇ ತೆಗೆದುಕೊಂಡಿದ್ದೆನಲ್ಲ? ಅದು ಯಾವ ಪ್ರಾರ್ಥನೆಗೆ?

ಮುಚ್ಚಳ ತೆರೆದೆ. ಪೆಟ್ರೋಲು ಕತ್ತಿನವರೆಗೆ ಬಂದು ನಡುಗುತ್ತಿತ್ತು, ಕಿಟಕಿಯ ಬೆಳಕು ಅದರ ಮೇಲೆ ಬಿದ್ದಿತ್ತು. ‘ನನ್ನ ಮಗಳನ್ನು ಕಾಪಾಡು’ ಎಂದು ಹೇಳುತ್ತ ಸುರಿದೆ. ಬಾಟಲಿ ಖಾಲಿಯಾಗುತ್ತ ಬಂದಂತೆ ಮೇಲಿನ ಪೆಟ್ರೋಲು ಉಕ್ಕಿ ಕೆಂಪು ಬಣ್ಣದ ಮೇಲೆ ಹರಿಯಿತು. ಪಾತ್ರೆ ಒರೆಸುವ ಬಟ್ಟೆಯಿಂದ ಒರೆಸಿದೆ. ಹಸಿರು ಗೆರೆಯ ಬಟ್ಟೆ. ಆಮೇಲೆ ನೀನು ಅದನ್ನು ಹುಡುಕಿದಾಗ ‘ಹಳೆಯದಾಯ್ತು, ಬಿಸಾಡಿದೆ’ ಎಂದಿದ್ದೆ ನಾನು. ದೇವರ ಹೆಸರಿನಲ್ಲಿ ಮಾಡಿದರೆ ಕೆಡುಕು ಕೆಡುಕಾಗಿ ಕಾಣುವುದಿಲ್ಲ ಎಂದು ನಂಬಿದ ಮೂರ್ಖಳು ನಾನು. ಅಲ್ಲ — ಮೂರ್ಖಳು ಎನ್ನುವುದೂ ರಿಯಾಯಿತಿಯೇ. ನನಗೆ ಎಲ್ಲ ಗೊತ್ತಿತ್ತು. ಲೋಟದಲ್ಲಿ ನೋಡಿದ್ದೆ.

ಹಬ್ಬದ ದಿನ ಚರ್ಚಿನ ಕುಟುಂಬಗಳೆಲ್ಲ ನಮ್ಮ ಮನೆಗೆ ಬಂದಿದ್ದವು. ಹೊಸ ತೆನೆಯ ಪೂಜೆಯಾಗಿ, ಸಸ್ಯಾಹಾರದ ಊಟ ಮುಗಿದು, ಎಲ್ಲರೂ ಅಂಗಳಕ್ಕೆ ಬಂದರು. ನೀನು ಬ್ಯಾಟರಿ ಜೋಡಿಸಿದೆ, ಕೊಳಾಯಿ ತೆರೆದೆ, ಒಮ್ಮೆ ನನ್ನ ಕಡೆ ನೋಡಿ ಕಣ್ಣು ಮಿಟುಕಿಸಿದೆ. ಬಟನ್ ಒತ್ತಿದೆ. ಗಾಡಿ ಕೆಮ್ಮಿತು. ಮತ್ತೆ ಒತ್ತಿದೆ. ಮತ್ತೆ. ಬ್ಯಾಟರಿ ಸೋತು ಟಿಕ್ ಟಿಕ್ ಎನ್ನುವವರೆಗೂ ಒತ್ತಿದೆ. ಅಪ್ಪ ನನ್ನ ಉಪ್ಪಿನಕಾಯಿಯ ಖಾಲಿ ಗಾಜಿನ ಜಾಡಿ ತರಿಸಿ ಕಾರ್ಬುರೇಟರಿನಿಂದ ಬಸಿದರು. ಜಾಡಿಯ ತಳದಲ್ಲಿ ಕಂದುಬಣ್ಣದ ನೀರಿನ ಹನಿಗಳು ಹೊರಳಾಡಿದವು.

“ಎಂತ ಮಾರಾಯ್ತಿ ಇದು? ನೀರು!”

“ಐ ಫಿಲ್ಡ್ ಇಟ್ ರೈಟ್ ಅಪ್, ಡ್ಯಾಡ್. ಐ ಚೆಕ್ಡ್ ದ ಕ್ಯಾಪ್.”

“ಹಾಗಾದ್ರೆ ನೀರು ಆಕಾಶದಿಂದ ಇಳೀತಾ?”

ಚರ್ಚಿನ ಫ್ಲೇವಿ ಆಂಟಿ ಕೈಯಲ್ಲಿ ಪಾಯಸದ ಬಟ್ಟಲು ಹಿಡಿದು ನಿಂತಿದ್ದರು. “ಏನ್ ಶೆರಿಲ್, ಹಬ್ಬ ಅಂತ ಗಾಡಿಗೂ ಪಾಯಸ ಕುಡಿಸಿದ್ಯಾ?” ಎಲ್ಲರೂ ನಕ್ಕರು. ನಿನ್ನ ಕಿವಿ ಕೆಂಪಾಯಿತು. ಆ ನಗುವನ್ನು ನೆನೆದರೆ ಈಗಲೂ ಹಲ್ಲು ಕಚ್ಚುತ್ತೇನೆ. ಅವತ್ತು ಫ್ಲೇವಿಗೆ ಇನ್ನೊಂದು ಸೌಟು ಪಾಯಸ ಬಡಿಸಿದೆ ನಾನು.

ಅಪ್ಪ ಕೈ ಒರೆಸಿಕೊಂಡರು. “ಬೇರೆಯವರ ಗಾಡಿಯನ್ನೂ ಹೀಗೇ ಮಾಡುದಾ? ಬಿಡು. ಇದು ನಿನ್ನ ಕೈಯಲ್ಲಿ ಆಗುವಂಥದ್ದಲ್ಲ.”

ನನ್ನ ಪತಿಯ ಮೇಲೂ ನನಗೆ ಸಿಟ್ಟಿದೆ. ಇಷ್ಟು ವರ್ಷ ಪಕ್ಕದಲ್ಲಿ ನಿಂತು ಕಲಿಸಿದ ಕೈಗಳನ್ನು ಒಂದು ಜಾಡಿ ನೋಡಿ ತಳ್ಳಿಹಾಕಿದರಲ್ಲ, ಅತಿಥಿಗಳ ಮುಂದೆ! ಆದರೆ ಅವರು ಕಂಡದ್ದನ್ನು ನಂಬಿ ಆಡಿದರು. ನಾನು? ಎಲ್ಲವನ್ನೂ ತಿಳಿದು ನಿನ್ನ ಬಳಿ ಬಂದೆ, ಬೆನ್ನ ಮೇಲೆ ಕೈಯಿಟ್ಟೆ, ಎಲ್ಲರಿಗೂ ಕೇಳುವಂತೆ ಮೆತ್ತಗೆ ಹೇಳಿದೆ:

“ಹೋಗ್ಲಿ ಬಿಡು ಪುಟ್ಟಿ. ತಪ್ಪು ಎಲ್ರಿಂದ್ಲೂ ಆಗತ್ತೆ. ನಾನೇನೂ ಬೈಯಲ್ಲ.”

ಕೇಳಿಸಿಕೊಂಡೆಯಾ? ನಾನು ನಿನ್ನನ್ನು ಕ್ಷಮಿಸಿದೆ. ನನ್ನ ಪಾಪಕ್ಕೆ ನಿನ್ನನ್ನು ಕ್ಷಮಿಸಿದೆ! ನೀರು ಸುರಿದದ್ದಕ್ಕಿಂತ ಈ ಮಾತು ಹೊಲಸು. ಅಲ್ಲಿಯವರೆಗೆ ನೀನು ತಲೆ ಎತ್ತಿ ವಾದಿಸುತ್ತಿದ್ದೆ. ನನ್ನ ಮಾತಿನ ನಂತರ ನೀನು ನಿನ್ನ ಎರಡೂ ಅಂಗೈಗಳನ್ನು ನೋಡಿಕೊಂಡೆ. “ಮೇಬಿ ಐ ಡಿಡ್ ಸಮ್‌ಥಿಂಗ್,” ಎಂದೆ. ಅಪ್ಪನ ಸಿಟ್ಟಿಗೆ ನೀನು ಬಗ್ಗಿರಲಿಲ್ಲ. ಸುಳ್ಳು ಹೇಳದ, ಸಾಧು ಅಮ್ಮನ ಸಮಾಧಾನಕ್ಕೆ ಬಗ್ಗಿದೆ.

ನಿಕ್ ಅಂಕಲ್‌ಗೆ ನೀನೇ ಫೋನ್ ಮಾಡಿ ಬರುವುದಿಲ್ಲ ಎಂದೆ. ಬ್ರಿಸ್ಬೇನಿಗೆ ಓದಲು ಹೋದೆ. ಒಳಗೆಲ್ಲ ತುಕ್ಕು ಹಿಡಿದ ಟ್ಯಾಂಕಿನ ಸಮೇತ ಬೈಕನ್ನು ನಿನ್ನ ಅಪ್ಪ ಯಾರಿಗೋ ಕೊಟ್ಟುಬಿಟ್ಟರು. ಶೆಡ್ಡಿನಲ್ಲಿ ಈಗ ಹುಲ್ಲು ಕತ್ತರಿಸುವ ಯಂತ್ರ ಮಾತ್ರ ಇದೆ. ನೀವಿಬ್ಬರೂ ಅಲ್ಲಿ ಕೂತು ಜಗಳವಾಡುತ್ತ ನಗುತ್ತಿದ್ದ ಸಂಜೆಗಳು — ಅವನ್ನೂ ನಾನೇ ಕದ್ದದ್ದು. ಈಗ ನೀವು ಫೋನಿನಲ್ಲಿ ಹವಾಮಾನದ ಬಗ್ಗೆ ಮಾತಾಡುತ್ತೀರಿ.

ಪಾಪನಿವೇದನೆಗೆ ಹೋಗಿದ್ದೆ. ‘ಮನೆಯಲ್ಲಿ ಒಂದು ವಿಷಯ ಮುಚ್ಚಿಟ್ಟೆ, ಫಾದರ್’ ಎಂದಷ್ಟೇ ಹೇಳಿದೆ. ಅವರು ಮೂರು ಸಣ್ಣ ಪ್ರಾರ್ಥನೆ ಹೇಳಿಕೊಳ್ಳಲು ತಿಳಿಸಿದರು. ಕಾರಿನಲ್ಲಿ ಕೂತೇ ಮುಗಿಸಿದೆ. ಇಷ್ಟು ಅಗ್ಗವೇ ಎಂದು ಅವರ ಮೇಲೆ ಸಿಟ್ಟು ಬಂತು. ಅರ್ಧ ಹೇಳಿದವಳಿಗೆ ಪೂರ್ತಿ ಶಿಕ್ಷೆ ಯಾರು ಕೊಡುತ್ತಾರೆ?

ಹೋದ ತಿಂಗಳು ಬ್ರಿಸ್ಬೇನಿನ ಇಂಡೂರೂಪಿಲ್ಲಿಯ ನಿನ್ನ ಮನೆಗೆ ಬಂದಿದ್ದೆನಲ್ಲ. ಅಡುಗೆಮನೆಯ ನಲ್ಲಿ ತೊಟ್ಟಿಕ್ಕುತ್ತಿತ್ತು. ನೀನು ಅದರ ಕೆಳಗೆ ಒಂದು ಬಟ್ಟಲು ಇಟ್ಟಿದ್ದೆ. ಬಟ್ಟಲಿನೊಳಗೆ ಬಿಳಿ ಕರೆಯ ಗೆರೆಗಳಿದ್ದವು, ಎಷ್ಟೋ ದಿನದಿಂದ ಇಟ್ಟಂತೆ. ‘ಒಂದು ವಾಷರ್ ಹಾಕಿದ್ರೆ ಆಯ್ತಲ್ಲ ಪುಟ್ಟಿ’ ಎಂದೆ.

“ನೋ ಅಮ್ಮ, ಐಲ್ ಮೆಸ್ ಇಟ್ ಅಪ್. ಯೂ ನೋ ಮೈ ಹ್ಯಾಂಡ್ಸ್!” ಎಂದು ನೀನು ನಕ್ಕೆ.

ನೋವಿನಿಂದ ಹೇಳಿದ್ದರೆ ತಡೆದುಕೊಳ್ಳುತ್ತಿದ್ದೆನೋ ಏನೋ. ನಗುತ್ತ ಹೇಳಿದೆ — ನಿನ್ನ ಎತ್ತರ, ನಿನ್ನ ಹುಟ್ಟಿದ ದಿನದ ಹಾಗೆ ಅದೂ ಒಂದು ನಿಜ ಎಂಬಂತೆ. ಹಳೆಯ ಪೇಪರು ಹಾಸಿ ಕಾರ್ಬುರೇಟರನ್ನು ತುಂಡುತುಂಡಾಗಿ ಬಿಚ್ಚಿ ಮತ್ತೆ ಜೋಡಿಸುತ್ತಿದ್ದ ಹುಡುಗಿ, ನಲ್ಲಿಯ ಕೆಳಗೆ ಬಟ್ಟಲಿಟ್ಟುಕೊಂಡು ಬದುಕುತ್ತಿದ್ದಾಳೆ. ನನ್ನ ನಾಲಿಗೆಯ ತುದಿಯಲ್ಲಿ ಆಗಲೂ ಏನು ಬಂದಿತ್ತು ಗೊತ್ತೇ? ‘ಹೋಗ್ಲಿ ಬಿಡು.’ ಆ ಕ್ಷಣದಲ್ಲಿ ನನಗೆ ನನ್ನ ಮೇಲೆ ಬಂದ ಕೋಪ ಇಲ್ಲಿಯವರೆಗೂ ಇಳಿದಿಲ್ಲ. ಇಳಿಯಬಾರದು ಎಂದೇ ಬರೆಯಲು ಕೂತೆ.

ಬರೆಯುತ್ತ ಬರೆಯುತ್ತ ಇನ್ನೊಂದು ಸಣ್ಣತನ ಕಣ್ಣಿಗೆ ಬಿತ್ತು. ಇದನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಮನಸ್ಸಿನ ಮಾತು ನನಗೆ ಈ ಭಾಷೆಯಲ್ಲೇ ಬರುತ್ತದೆ ಎಂದು ಹೇಳಿಕೊಂಡು ಶುರುಮಾಡಿದೆ. ಕಾನ್ವೆಂಟಿನಲ್ಲಿ ಓದಿದವಳಿಗೆ ನಾಲ್ಕು ಸಾಲು ಇಂಗ್ಲಿಷ್ ಬಾರದೇ? ನಿನಗೆ ಕನ್ನಡ ಕೇಳಿದರೆ ತಿಳಿಯುತ್ತದೆ, ಓದಲು ಬಾರದು. ಅದು ನನಗೆ ಗೊತ್ತಿದೆ. ತಪ್ಪೊಪ್ಪಿಕೊಳ್ಳುವಾಗಲೂ ಹಿಡಿಕೆಯನ್ನು ಪೂರ್ತಿ ತಿರುಗಿಸಿ, ಸದ್ದಿಲ್ಲದಂತೆ —

ಸಾಕು.

ಈ ಭಾನುವಾರ ನೀನು ಎಂದಿನಂತೆ ಫೋನ್ ಮಾಡುತ್ತೀಯ. ನಿನ್ನ ಅಪ್ಪನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಸ್ಪೀಕರ್ ಹಾಕಿ, ಇದನ್ನು ಗಟ್ಟಿಯಾಗಿ ಓದುತ್ತೇನೆ. ಅವರಿಗೂ ಇದು ಗೊತ್ತಿಲ್ಲ. ಅವರೂ ನಿನ್ನ ಜೊತೆಗೇ ಕೇಳಲಿ. ನೀನು ನಡುವೆ ಫೋನ್ ಇಟ್ಟರೆ, ಪೂರ್ತಿ ಕೇಳೆಂದು ಬೇಡುವುದಿಲ್ಲ. ಕೂಗಾಡಿದರೆ ‘ಶ್, ಪುಟ್ಟಿ’ ಎನ್ನುವುದಿಲ್ಲ. ನಿನ್ನ ಕೋಪ ನಿನ್ನದು. ಸಮಾಧಾನ ಹೇಳಿ ಅದನ್ನೂ ಕಿತ್ತುಕೊಳ್ಳಲು ನಾನು ಬರುವುದಿಲ್ಲ. ಕ್ಷಮಿಸು ಎಂದು ಇದರಲ್ಲಿ ಎಲ್ಲಿಯೂ ನಿನ್ನನ್ನು ಕೇಳಿಲ್ಲ. ಆ ಪದವನ್ನು ನಾನು ಅಂದೇ, ಅಂಗಳದಲ್ಲಿ, ಕೆಡಿಸಿಬಿಟ್ಟೆ.

ಪೂರ್ತಿ ಓದಲಾಗದಿದ್ದರೆ ಇರಲೆಂದು ಎರಡು ಮಾತು ಮಾತ್ರ ಬಾಯಿಪಾಠ ಮಾಡಿಟ್ಟುಕೊಂಡಿದ್ದೇನೆ, ಅವನ್ನು ಹೇಗಾದರೂ ಹೇಳುತ್ತೇನೆ. ನೀರು ಸುರಿದವಳು ನಾನು. ನೀನು ಮಾಡಿದ ಕೆಲಸದಲ್ಲಿ ಒಂದು ತಪ್ಪೂ ಇರಲಿಲ್ಲ.